ಮಗಳು ಪೆರುವಿಗೆ ಹೊರಟಿದ್ದಾಳೆ: ಹಾಸನದ ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ನಿಮ್ಮ ಮೂರು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಇತರ ಓದುಗರಿಗಾಗಿ ಪತ್ರದ ಸಾರವನ್ನಷ್ಟು ಹೇಳಿಬಿಡುತ್ತೇನೆ. ನಿಮ್ಮದು ಹಾಸನ ಜಿಲ್ಲೆಯ ಆಲೂಗೆಡ್ಡೆ ಬೆಳೆಗಾರರ ಮನೆ. ಕೃಷಿ ಪದವಿ ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ದುಡಿದ ಇಪ್ಪತ್ತನಾಲ್ಕರ ಮಗಳು, ಕೂಡಿಟ್ಟ ಹಣದಲ್ಲಿ ಆರು ತಿಂಗಳು ಪೆರು ದೇಶದಲ್ಲಿದ್ದು ಬರುತ್ತೇನೆಂದು ಹಟ ಹಿಡಿದಿದ್ದಾಳೆ. ಮೊದಲ ಮೂರು ತಿಂಗಳು ಕುಸ್ಕೋ ನಗರದ ಅನಾಥಾಲಯವೊಂದರಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸ್ವಯಂಸೇವೆ, ಅದಕ್ಕೆ ಒಂದು ಸಂಸ್ಥೆಗೆ ಅವಳೇ ಹಣ ಕಟ್ಟಬೇಕು; ಉಳಿದ ಮೂರು ತಿಂಗಳು ತಿರುಗಾಟ. ಊಟ ಹೇಗೆ, ಆರೋಗ್ಯ ಹೇಗೆ, ಹುಡುಗಿ ಒಬ್ಬಳೇ ಇರಬಹುದೇ, ಸೇವೆ ಮಾಡಲು ದುಡ್ಡು ಕೊಡುವುದು ಎಂಥ ನ್ಯಾಯ ಎಂದು ನೀವು ಕೇಳಿದ್ದೀರಿ. ನಿಮ್ಮ ಯಜಮಾನರ ಪ್ರಶ್ನೆ ಒಂದೇ: "ಆಲೂಗೆಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳಿಗೆ ಅಷ್ಟು ದೂರ ಹೋಗಿ ಕಲಿಯುವುದೇನಿದೆ?"

ಅವರ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಆಲೂಗೆಡ್ಡೆಗೆ ಹಾಸನ ತವರಲ್ಲ, ಅತ್ತೆಮನೆ. ಪೆರು ಮತ್ತು ಬೊಲಿವಿಯಾಗಳ ನಡುವೆ ಹರಡಿರುವ ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆ ಅದನ್ನು ಕಾಡಿನಿಂದ ಹೊಲಕ್ಕೆ ತಂದರು. ನಮ್ಮ ಪಶ್ಚಿಮ ಕರಾವಳಿಗೆ ಅದು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಕರಾವಳಿಯವರೂ ಉತ್ತರ ಕರ್ನಾಟಕದವರೂ ಇಂದಿಗೂ ಬಟಾಟೆ ಎನ್ನುವುದು ಅವರಿಂದ ಬಂದ ಮಾತೇ. ನಿಮ್ಮಲ್ಲಿ ಮುಂಗಾರಿಗೆ ಮುಂಚೆ ಪಂಜಾಬಿನಿಂದ ಬಿತ್ತನೆ ಗೆಡ್ಡೆಯ ಲಾರಿಗಳು ಬರುತ್ತವೆ, ಹೆಚ್ಚಿನವರು ಬಿತ್ತುವುದು ಕುಫ್ರಿ ಜ್ಯೋತಿ ಎಂಬ ಒಂದೇ ತಳಿಯನ್ನು, ಅಂಗಮಾರಿ ರೋಗ ಬಿದ್ದ ವರ್ಷ ಎಲ್ಲರ ಹೊಲವೂ ಒಟ್ಟಿಗೇ ಕರಕಲಾಗುತ್ತದೆ. ಇದನ್ನು ನಿಮ್ಮ ಯಜಮಾನರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆಂಡೀಸ್ ಬೆಟ್ಟಗಳ ರೈತ ಒಂದೇ ಹೊಲದಲ್ಲಿ ಹತ್ತಾರು ತಳಿಗಳನ್ನು ಬೆರೆಸಿ ಬಿತ್ತುತ್ತಾನೆ; ಹಿಮಕ್ಕೆ ಒಂದು ಹೋದರೆ ರೋಗಕ್ಕೆ ಇನ್ನೊಂದು ಹೋಗುತ್ತದೆ, ಮನೆಗೆ ಉಣ್ಣುವಷ್ಟು ಉಳಿಯುತ್ತದೆ. ಪೆರುವಿನ ರಾಜಧಾನಿ ಲಿಮಾದಲ್ಲಿ 1971ರಿಂದ ಇರುವ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದಲ್ಲಿ ಸಾವಿರಾರು ತಳಿಗಳ ಸಂಗ್ರಹವಿದೆ. ಕುಸ್ಕೋ ಸಮೀಪದ ಪಿಸಾಕ್ ಊರಿನ ಮೇಲಿನ ಬೆಟ್ಟಗಳಲ್ಲಿ ಕೆಲವು ಹಳ್ಳಿಗಳು ಒಟ್ಟುಗೂಡಿ "ಆಲೂಗೆಡ್ಡೆ ಉದ್ಯಾನ" ಎಂದೇ ಒಂದು ಪ್ರದೇಶವನ್ನು ಕಾಪಾಡಿಕೊಂಡಿವೆ. ತಮ್ಮ ಹೊಲಗಳಿಂದ ಮರೆಯಾಗಿದ್ದ ತಳಿಗಳನ್ನು ಅವರು 2004ರಲ್ಲಿ ಆ ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಂಡು ಮರಳಿ ಪಡೆದರು. ಕೃಷಿ ಓದಿದ ಹುಡುಗಿ ನೋಡಬೇಕಾದದ್ದು ಇದು.

ಅಲ್ಲಿಗೆ ಚಳಿಗಾಲವಾದ ಜೂನ್ ತಿಂಗಳಲ್ಲಿ ಅಲ್ಲಿದ್ದರೆ ಚೂನ್ಯೋ ಮಾಡುವುದನ್ನು ತಪ್ಪದೆ ನೋಡಲಿ. ನಾವು ಬಿಸಿಲಿಗೆ ಸಂಡಿಗೆ ಒಣಹಾಕಿದಂತೆ ಅವರು ಹಿಮಕ್ಕೆ ಗೆಡ್ಡೆ ಒಣಹಾಕುತ್ತಾರೆ. ಸಣ್ಣ ಗೆಡ್ಡೆಗಳನ್ನು ಬಯಲಲ್ಲಿ ಹರಡಿದರೆ ರಾತ್ರಿಯ ಚಳಿಗೆ ಕಲ್ಲಿನಂತೆ ಹೆಪ್ಪುಗಟ್ಟುತ್ತವೆ, ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗುತ್ತವೆ. ಹೀಗೆ ಕೆಲವು ದಿನವಾದ ಮೇಲೆ ಮನೆಯವರೆಲ್ಲ ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಸಿಪ್ಪೆ ಸುಲಿದು ಮತ್ತೆ ಒಣಗಿಸುತ್ತಾರೆ. ಕೊನೆಗೆ ಉಳಿಯುವುದು ಕಪ್ಪಗೆ, ಹಗುರವಾಗಿ, ಹೊಳೆಯ ಬೆಣಚುಕಲ್ಲಿನಂತೆ ಕಾಣುವ ಒಂದು ಉಂಡೆ, ವರ್ಷಗಟ್ಟಲೆ ಕೆಡುವುದಿಲ್ಲ. ಹನ್ನೆರಡು ವರ್ಷಗಳ ಹಿಂದೆ ಎರಡು ತಿಂಗಳು ಕುಸ್ಕೋದಲ್ಲಿದ್ದಾಗ ನಾನೂ ಒಂದು ಬೆಳಿಗ್ಗೆ ತುಳಿದಿದ್ದೇನೆ. ಪಾದ ಮರಗಟ್ಟಿತು, ಪಕ್ಕದಲ್ಲಿದ್ದ ಅಜ್ಜಿ ನಕ್ಕಳು. ರುಚಿಯ ವಿಷಯಕ್ಕೆ ಹೇಳುವುದಾದರೆ, ಅದು ಹುಟ್ಟಿನಿಂದಲೇ ಅಭ್ಯಾಸವಾಗಬೇಕು.

ಈಗ ನಿಮ್ಮ ನಾಲ್ಕನೆಯ ಪ್ರಶ್ನೆಗೆ ಬರುತ್ತೇನೆ. ಅನಾಥಾಲಯಕ್ಕೆ ಹಣ ಕಟ್ಟಿ ಹೋಗುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಭಾಷೆ ಬಾರದ, ಶಿಕ್ಷಕಿಯಾಗಿ ತರಬೇತಿಯಿಲ್ಲದ ಹುಡುಗಿಯೊಬ್ಬಳು ಮೂರು ತಿಂಗಳು ಹಾಡು ಆಟ ಕಲಿಸಿ, ಮಕ್ಕಳು ಹಚ್ಚಿಕೊಳ್ಳುವ ಹೊತ್ತಿಗೆ ಕೈಬೀಸಿ ಹೊರಟುಬಿಡುತ್ತಾಳೆ. ಮರುವಾರ ಇನ್ನೊಬ್ಬಳು ಬರುತ್ತಾಳೆ. ಮೊದಲೇ ಒಮ್ಮೆ ಬಿಟ್ಟುಹೋದವರ ಮಕ್ಕಳು ಅವು. ಬಂದುಹೋಗುವವರ ಹಣವೇ ಆದಾಯವಾದಾಗ ಮಕ್ಕಳನ್ನು ಮರಳಿ ಮನೆಗೆ ಸೇರಿಸುವ ಉತ್ಸಾಹವೂ ತಗ್ಗುತ್ತದೆ. ಇದು ಪೆರುವಿನ ಮಾತಷ್ಟೇ ಅಲ್ಲ, ಎಲ್ಲ ಕಡೆಯೂ ಕಂಡುಬಂದಿರುವ ತೊಂದರೆ. ನಿಮ್ಮ ಮಗಳ ಮನಸ್ಸು ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವಳು ಹೋಗಬೇಕಾದದ್ದು ಕಲಿಸುವುದಕ್ಕಲ್ಲ, ಕಲಿಯುವುದಕ್ಕೆ. ಅದೇ ಹಣದಲ್ಲಿ ಕುಸ್ಕೋದ ಯಾವುದಾದರೂ ಭಾಷಾ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯಲಿ, ಒಂದು ಕುಟುಂಬದ ಜೊತೆ ಊಟ ವಸತಿಗೆ ದುಡ್ಡು ಕೊಟ್ಟು ಇರಲಿ, ಆಮೇಲೆ ಹಳ್ಳಿಯೊಂದಕ್ಕೆ ಹೋಗಿ ಕೊಯ್ಲಿಗೆ ಕೈ ಹಚ್ಚಲಿ. ನಮ್ಮಲ್ಲಿ ಮುಯ್ಯಾಳು ಎನ್ನುತ್ತೇವಲ್ಲ, ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು, ಅದೇ ಪದ್ಧತಿಗೆ ಅಲ್ಲಿ ಐನಿ ಎಂಬ ಹೆಸರು. ಮುಯ್ಯಾಳಿನ ಲೆಕ್ಕ ಬಲ್ಲ ಮನೆಯ ಹುಡುಗಿಗೆ ಅಲ್ಲಿ ಹೇಗಿರಬೇಕೆಂದು ಯಾವ ಸಂಸ್ಥೆಯೂ ಹೇಳಿಕೊಡಬೇಕಾಗಿಲ್ಲ.

ಮಕ್ಕಳಿಗೆ ಕಲಿಸಲೆಂದೇ ಹೋಗಿ ಅಲ್ಲೇ ಉಳಿದುಬಿಟ್ಟವರೂ ಇದ್ದಾರೆ ಎಂದು ನಿಮ್ಮ ಮಗಳು ವಾದಿಸಬಹುದು. ಇದ್ದಾರೆ, ನಿಜ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1903ರಲ್ಲಿ ಹುಟ್ಟಿ ಗಣಿತ ಓದಿದ ಮರಿಯಾ ರೈಖೆ, 1932ರಲ್ಲಿ ಕುಸ್ಕೋಗೆ ಬಂದದ್ದು ಜರ್ಮನ್ ಕಾನ್ಸುಲರ ಮಕ್ಕಳಿಗೆ ಪಾಠ ಹೇಳಲು. ಅಲ್ಲಿ ಗಾಯವೊಂದು ಕೊಳೆತು ಬೆರಳೊಂದನ್ನು ಕಳೆದುಕೊಂಡರು. ಆಮೇಲೆ ಲಿಮಾದಲ್ಲಿ ಪಾಠ ಹೇಳಿ, ಅನುವಾದ ಮಾಡಿ ಹೊಟ್ಟೆ ಹೊರೆದರು. 1940ರ ಸುಮಾರಿಗೆ ಪಾಲ್ ಕೊಸೋಕ್ ಎಂಬ ಅಮೆರಿಕನ್ ಸಂಶೋಧಕರಿಗೆ ಸಹಾಯಕಿಯಾಗಿ ನಾಸ್ಕಾ ಮರುಭೂಮಿಯ ನೆಲದ ಮೇಲೆ ಪ್ರಾಚೀನರು ಬಿಡಿಸಿದ ಬೃಹತ್ ಗೆರೆಗಳನ್ನು ಕಂಡ ಮೇಲೆ ಅವರ ಬದುಕಿನ ದಿಕ್ಕೇ ತಿರುಗಿತು. ಏಣಿ, ಅಳತೆಪಟ್ಟಿ, ಪೊರಕೆ ಹಿಡಿದು ಒಬ್ಬರೇ ಆ ಬಯಲಿನಲ್ಲಿ ಗುಡಿಸುತ್ತ ಅಳೆಯುತ್ತ ದಶಕಗಳನ್ನು ಕಳೆದರು. ಸುತ್ತಲಿನವರು ಮೊದಮೊದಲು ಹುಚ್ಚಿ ಎಂದುಕೊಂಡರು. ಆ ಗೆರೆಗಳು ಆಕಾಶದ ಪಂಚಾಂಗ ಎಂಬ ಅವರ ವಾದವನ್ನು ಇಂದಿನ ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಗೆರೆಗಳು ಉಳಿದಿರುವುದರಲ್ಲಿ ಅವರ ಕಾವಲಿನ ಪಾಲು ದೊಡ್ಡದು; 1994ರಲ್ಲಿ ಯುನೆಸ್ಕೋ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ನಾಲ್ಕು ವರ್ಷದ ಬಳಿಕ ರೈಖೆ ಲಿಮಾದಲ್ಲಿ ತೀರಿಕೊಂಡರು. ಅವರನ್ನು ಕರೆದದ್ದು ಪಾಠದ ಕೆಲಸವಾದರೂ, ಉಳಿಸಿಕೊಂಡದ್ದು ಒಂದೇ ಜಾಗವನ್ನು ಬಿಡದೆ ನೋಡುವ ತಾಳ್ಮೆ. ಆದ್ದರಿಂದಲೇ, ಮೂರು ತಿಂಗಳಲ್ಲಿ ಹನ್ನೊಂದು ಊರು ಎಂದು ಪತ್ರದ ಜೊತೆ ಲಗತ್ತಿಸಿರುವ ಆ ತಿರುಗಾಟದ ಪಟ್ಟಿಯನ್ನು ನೋಡಿ ನನಗೆ ಸುಸ್ತಾಯಿತು. ಮೂರು ಊರು ಸಾಕು.

ಭಾಷೆಯ ವಿಷಯದಲ್ಲಿ ಕನ್ನಡದ ಹುಡುಗಿಗೆ ಒಂದು ಅನುಕೂಲವಿದೆ. ಪೇಟೆಯಲ್ಲಿ ಸ್ಪ್ಯಾನಿಷ್ ನಡೆಯುತ್ತದೆ, ಬೆಟ್ಟದ ಹಳ್ಳಿಗಳಲ್ಲಿ ಕೆಚುವಾ. 2017ರ ಜನಗಣತಿಯಲ್ಲಿ ಸುಮಾರು 37 ಲಕ್ಷ ಜನ ಅದನ್ನು ಬಾಲ್ಯದಲ್ಲಿ ಕಲಿತ ಮೊದಲ ಭಾಷೆ ಎಂದು ಬರೆಸಿದ್ದಾರೆ. ಯುರೋಪಿನಿಂದ ಬಂದವರು ಆ ಭಾಷೆಯ ಪ್ರತ್ಯಯಗಳನ್ನು ಕಂಡು ತಲೆ ಚಚ್ಚಿಕೊಳ್ಳುತ್ತಾರೆ; ನಮಗೆ ಅದು ಮನೆಯ ಮಾತಿನ ಜಾಡು. ವಾಸಿ ಎಂದರೆ ಮನೆ, ವಾಸಿಪಿ ಎಂದರೆ ಮನೆಯಲ್ಲಿ, ವಾಸಿಮಾನ್ತಾ ಎಂದರೆ ಮನೆಯಿಂದ, ವಾಸಿಕುನಾ ಎಂದರೆ ಮನೆಗಳು. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಕಣ್ಣಾರೆ ಕಂಡದ್ದಕ್ಕೆ ಒಂದು ಪ್ರತ್ಯಯ, ಕೇಳಿ ತಿಳಿದದ್ದಕ್ಕೆ "ಸಿ" ಎಂಬ ಇನ್ನೊಂದು. ನಾವು "ಬಂದನಂತೆ" ಎನ್ನುವಾಗಿನ "ಅಂತೆ"ಯ ಕೆಲಸವನ್ನೇ ಅದು ಮಾಡುತ್ತದೆ. ಸಂತೆಯಲ್ಲಿ ಕೊಸರಿಗೂ ಅಲ್ಲಿ ಒಂದು ಮಾತಿದೆ, ಯಾಪಾ. ಕುಸ್ಕೋದ ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಹಣ್ಣಿನ ರಸ ಮಾರುವ ಹೆಂಗಸರ ಸಾಲಿದೆ. ಲೋಟ ತುಂಬಿ ಕೊಟ್ಟ ಮೇಲೆ ಮಿಕ್ಸಿಯ ಜಾರಿನಲ್ಲಿ ಇನ್ನೂ ಅರ್ಧ ಲೋಟ ಉಳಿದಿರುತ್ತದೆ. ಅವಸರದ ಪ್ರವಾಸಿ ಎದ್ದು ಹೋಗುತ್ತಾನೆ. ಕೂತು "ಯಾಪಾ, ಕಸೇರೀತಾ" ಎಂದವರಿಗೆ ಉಳಿದದ್ದೂ ಲೋಟಕ್ಕೆ ಬೀಳುತ್ತದೆ. ಕಸೇರಾ ಎಂದರೆ ಖಾಯಂ ಅಂಗಡಿಯವಳೂ ಹೌದು, ಖಾಯಂ ಗಿರಾಕಿಯೂ ಹೌದು.

ಒಂದು ಮಾತನ್ನು ಮಾತ್ರ ಹೊರಡುವ ಮುಂಚೆಯೇ ಬಾಯಿಪಾಠ ಮಾಡಿಕೊಳ್ಳಲಿ. ನಾನು ಭಾರತೀಯ ಎನ್ನಲು ನಿಘಂಟು ನೋಡಿ "ಸೋಯ್ ಇಂದಿಯೋ" ಎಂದು ಮೊದಲ ದಿನ ನಾನು ಹೇಳಿದಾಗ ಮನೆಯೊಡತಿಯ ಮುಖ ಬಿಗಿಯಿತು. ಪೆರುವಿನಲ್ಲಿ ಇಂದಿಯೋ ಎಂಬುದು ಮೂಲನಿವಾಸಿಗಳನ್ನು ಶತಮಾನಗಳ ಕಾಲ ಹೀಗಳೆದ ಪದ. 1969ರಲ್ಲಿ ಭೂಸುಧಾರಣೆ ತಂದ ಹ್ವಾನ್ ವೆಲಾಸ್ಕೋ ಸರ್ಕಾರ ಅದನ್ನು ಕೈಬಿಟ್ಟು ಕಾಂಪೆಸೀನೋ, ಅಂದರೆ ರೈತ, ಎಂಬ ಪದವನ್ನು ಬಳಕೆಗೆ ತಂದಿತು. 1975ರಲ್ಲಿ ಕೆಚುವಾಗೆ ಅಧಿಕೃತ ಸ್ಥಾನವನ್ನೂ ಕೊಟ್ಟಿತು. "ಸೋಯ್ ದೇ ಲಾ ಇಂದಿಯಾ", ನಾನು ಭಾರತದವಳು, ಎಂದರೆ ಸಾಕು. ಆಗ ಅವರು "ಓಹೋ, ಇಂದೂ!" ಎನ್ನುತ್ತಾರೆ. ಅಲ್ಲಿ ಭಾರತದವರೆಲ್ಲರೂ, ಯಾವ ಧರ್ಮದವರಾದರೂ, ಇಂದೂಗಳೇ. ಅದನ್ನು ತಿದ್ದಲು ಹೋಗುವುದು ವ್ಯರ್ಥ.

ನಿಮ್ಮದು ಸಸ್ಯಾಹಾರದ ಮನೆ ಎಂದು ಬರೆದಿದ್ದೀರಿ. ಹಸಿವಿನಿಂದ ಇರುವುದಿಲ್ಲ: ಗೆಡ್ಡೆ, ಮೆಕ್ಕೆಜೋಳ, ಕಿನೋವಾ, ಗಿಣ್ಣು, ಅವರೆಯಂಥ ಕಾಳು, ಬಾಯುರಿಸುವ ಮೆಣಸಿನಕಾಯಿ ಎಲ್ಲವೂ ಇವೆ. ಆದರೆ "ಸಿನ್ ಕಾರ್ನೆ", ಮಾಂಸ ಬೇಡ, ಎಂದಷ್ಟೇ ಹೇಳಿದರೆ ಕೋಳಿಯ ತುಂಡು ಬರಬಹುದು, ಅವರ ಲೆಕ್ಕದಲ್ಲಿ ಕಾರ್ನೆ ಎಂದರೆ ಮುಖ್ಯವಾಗಿ ದನದ ಮಾಂಸ. ತಿಳಿಸಾರಿನಂತೆ ಕಾಣುವ ಸೂಪಿನಲ್ಲೂ ಎಲುಬಿನ ರಸ ಇರುತ್ತದೆ. ಕೋಳಿ ಬೇಡ, ಮೀನು ಬೇಡ, ಎಲುಬಿನ ರಸವೂ ಬೇಡ ಎಂದು ಬಿಡಿಸಿ ಹೇಳಬೇಕು.

ಆರೋಗ್ಯದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಎತ್ತರದ ಬಗ್ಗೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕುಸ್ಕೋದ ಬೀದಿಯೇ ಸುಮಾರು 3,400 ಮೀಟರ್ ಮೇಲಿದೆ. ಸಮುದ್ರಮಟ್ಟದ ಲಿಮಾದಿಂದ ವಿಮಾನ ಒಂದೂಕಾಲು ಗಂಟೆಯಲ್ಲಿ ಅಲ್ಲಿಗೆ ಎತ್ತಿ ಹಾಕುತ್ತದೆ, ಮತ್ತು ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕೆಳಗಿನದರ ಮೂರನೆಯ ಎರಡು ಪಾಲಿನಷ್ಟು. ತಲೆನೋವು, ವಾಕರಿಕೆ, ನಿದ್ದೆಗೇಡು ಹಲವರಿಗೆ ಬರುತ್ತದೆ, ಸೊರೋಚೆ ಎನ್ನುತ್ತಾರೆ. ವಿಮಾನ ಇಳಿದ ದಿನವೇ 2,800 ಮೀಟರ್ ಆಸುಪಾಸಿನ ಉರುಬಾಂಬಾ ಕಣಿವೆಗೆ ಇಳಿದು ಎರಡು ಮೂರು ರಾತ್ರಿ ಅಲ್ಲಿ ಮಲಗಿ, ಆಮೇಲೆ ಕುಸ್ಕೋಗೆ ಏರುವುದು ಜಾಣತನ. ಮಾತ್ರೆಯ ವಿಚಾರ ಇಲ್ಲಿನ ವೈದ್ಯರನ್ನು ಕೇಳಿಯೇ ತೀರ್ಮಾನಿಸಲಿ. ಕೂತಲ್ಲೇ ಏದುಸಿರು, ತೂರಾಡುವ ನಡಿಗೆ, ಮಾತಿನ ಗೊಂದಲ ಕಂಡರೆ ಕಾಯುತ್ತ ಕೂರದೆ ಕೆಳಗಿಳಿಯಬೇಕು, ವೈದ್ಯರಲ್ಲಿಗೆ ಹೋಗಬೇಕು.

ಒಬ್ಬಳೇ ಇರುವ ಬಗ್ಗೆ: ಬೆಂಗಳೂರಿನಲ್ಲಿ ಎರಡು ವರ್ಷ ಇದ್ದವಳಿಗೆ ಹೊಸದಾಗಿ ಹೇಳುವುದು ಕಡಿಮೆ. ರಾತ್ರಿ ಬೀದಿಯಲ್ಲಿ ಕೈಮಾಡಿ ಟ್ಯಾಕ್ಸಿ ನಿಲ್ಲಿಸದೆ ಇರಲಿ, ಜನಸಂದಣಿಯಲ್ಲಿ ಫೋನನ್ನು ಕೈಯಲ್ಲಿ ಹಿಡಿಯದೆ ಇರಲಿ. ಪಾರೋ ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಪ್ರಯಾಣ ಮುಂದೂಡಲಿ, ಅದು ಅಲ್ಲಿನ ಬಂದ್. ಅಧ್ಯಕ್ಷ ಪೆದ್ರೊ ಕಾಸ್ತಿಯೋ ಪದಚ್ಯುತರಾದ ಬಳಿಕ, 2022ರ ಡಿಸೆಂಬರಿನಲ್ಲಿ ರಸ್ತೆಗಳು ಮುಚ್ಚಿ, ರೈಲು ನಿಂತು, ಇಂಕಾ ಕಾಲದ ಅವಶೇಷಗಳ ಬೆಟ್ಟ ಮಾಚು ಪಿಚುವಿನ ಬುಡದ ಊರಿನಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡರು. ಅವರು ಕೆಲವು ದಿನಗಳಲ್ಲಿ ಮನೆ ಸೇರಿದರು. ಆ ಪ್ರತಿಭಟನೆಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ದಕ್ಷಿಣದ ಬೆಟ್ಟಗಳ ಬಡವರು.

ಕಾಗದಪತ್ರಗಳ ಮಾತು ಕೊನೆಗೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ಒಕ್ಕೂಟದ ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರಿಗೆ 2017ರಿಂದ ಪೆರು ವಿನಾಯಿತಿ ಕೊಟ್ಟಿದೆ. ನಿಮ್ಮ ಮಗಳಿಗೆ ಅಂಥದ್ದಿಲ್ಲವಾದ್ದರಿಂದ ದೆಹಲಿಯ ಪೆರು ರಾಯಭಾರ ಕಚೇರಿಯಿಂದ ವೀಸಾ ಪಡೆಯಬೇಕು, ಎಷ್ಟು ದಿನ ಇರಲು ಬಿಡುತ್ತಾರೆಂಬುದನ್ನೂ ಅಲ್ಲಿಂದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಲಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಲೇಬೇಕು. ಅದರ ಪ್ರಮಾಣಪತ್ರವನ್ನು ಕೇಳುವುದು ಹೋಗುವಾಗಿನದಕ್ಕಿಂತ ಹೆಚ್ಚಾಗಿ ಬರುವಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ, ಅದಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅಲ್ಲಿ ಎಲ್ಲರೂ ಕುಡಿಯುವ ಕೋಕಾ ಎಲೆಯ ಕಷಾಯ ಅಲ್ಲಿಗೆ ಕಾನೂನುಬದ್ಧ. ಆದರೆ ಇಲ್ಲಿ ಕೋಕಾ ಎಲೆ 1985ರ ಮಾದಕವಸ್ತು ಕಾಯ್ದೆಗೆ ಒಳಪಟ್ಟಿದೆ, ನೆನಪಿಗೆಂದು ಒಂದು ಪೊಟ್ಟಣವನ್ನೂ ತರುವಂತಿಲ್ಲ. ನಿಮ್ಮ ಯಜಮಾನರು ಇಷ್ಟು ಓದಿದ ಮೇಲೆ "ಒಂದೆರಡು ಬಿತ್ತನೆ ಗೆಡ್ಡೆ ಚೀಲಕ್ಕೆ ಹಾಕಿಕೊಂಡು ಬಾ" ಎಂದು ಮಗಳಿಗೆ ಹೇಳುವ ಸಂಭವವಿದೆ. ಅದೂ ಆಗದು: ಪರವಾನಗಿ ಇಲ್ಲದೆ ತಂದ ಗೆಡ್ಡೆಯ ಜೊತೆ ಹಾಸನಕ್ಕೆ ಹೊಸ ರೋಗವೂ ಬಂದೀತು, ಇರುವ ಅಂಗಮಾರಿಯೇ ಸಾಕು.

ಕುಸ್ಕೋದ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ ಏಳಕ್ಕೆ ಕರೆ ಮಾಡಿದರೆ ಅವಳಿಗೆ ಹಿಂದಿನ ರಾತ್ರಿಯ ಎಂಟೂವರೆ, ಊಟ ಮುಗಿದಿರುತ್ತದೆ. ಮೊದಲ ವಾರ ಮಾತಿನ ನಡುವೆ ಏದುಸಿರು ಕೇಳಿಸಿದರೆ ಗಾಬರಿಯಾಗಬೇಡಿ. ಮೆಟ್ಟಿಲು ಹತ್ತಿ ಬಂದೆಯಾ ಎಂದು ಕೇಳಿ. ಹೌದು ಎಂದರೆ ಸರಿ, ಕೂತೇ ಇದ್ದೇನೆ ಎಂದರೆ ಆ ರಾತ್ರಿಯೇ ವೈದ್ಯರಲ್ಲಿಗೆ ಕಳಿಸಿ.

- ಸಂಪಾದಕ