ತಪ್ಪಿದ ಕಿಲೋಮೀಟರ್‌ಗಳ ಬಾಕಿ: ಹಾಫ್ ಮ್ಯಾರಥಾನ್ ಓಟಗಾರ್ತಿಯೊಬ್ಬರ ಪ್ರಕರಣ

ಹಾಫ್ ಮ್ಯಾರಥಾನ್‌ಗೆ ತಯಾರಾಗುವ ಹವ್ಯಾಸಿ ಓಟಗಾರರು ಆಪ್ತಸಲಹೆಗೆ ನನ್ನ ಬಳಿ ಬರುವುದು ಹೆಚ್ಚಾಗಿ ಅರ್ಧಕ್ಕಿಂತ ಹೆಚ್ಚು ತಯಾರಿ ಮುಗಿದ ಮೇಲೆ. ಮೊದಲ ಐದಾರು ವಾರ ಎಲ್ಲವೂ ಸರಾಗ. ನಡುವೆ ಒಂದು ಜ್ವರವೋ ಕೆಲಸದ ಒತ್ತಡವೋ ಬಂದು ನಾಲ್ಕಾರು ಓಟ ತಪ್ಪುತ್ತವೆ. ಅವನ್ನು ತುಂಬಿಕೊಳ್ಳುವ ಆತುರ ಶುರುವಾಗುತ್ತದೆ, ಅದರ ಹಿಂದೆಯೇ ನೋವು. ಬರುವವರು ಬೇರೆಬೇರೆ, ಹೇಳುವುದು ಮಾತ್ರ ಬಹುಪಾಲು ಇದೇ. ಅದಕ್ಕೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಎರಡು ವರ್ಷದಿಂದ ಓಡುತ್ತಿದ್ದರು, 10 ಕಿ.ಮೀ. ಓಟಗಳನ್ನು ಮುಗಿಸಿದ್ದರು. ಈಗ ಕೋಚ್ ಕೊಟ್ಟ 14 ವಾರಗಳ ಯೋಜನೆ ಹಿಡಿದಿದ್ದರು. ಗುರಿ 2 ಗಂಟೆ 15 ನಿಮಿಷ, ಅಂದರೆ 21.0975 ಕಿ.ಮೀ. ಉದ್ದಕ್ಕೂ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡಿನ ಪೇಸ್. ಒಂಬತ್ತನೇ ವಾರ ಮುಗಿಸಿ ಬಂದಾಗ ಹೇಳಿಕೊಂಡಿದ್ದು ಇಷ್ಟು: ನಿದ್ದೆ ಸರಿ ಬರುತ್ತಿಲ್ಲ, ಮನೆಯವರ ಮೇಲೆ ಸುಮ್ಮನೆ ರೇಗುತ್ತೇನೆ, ಓಡಿದರೂ ಸಮಾಧಾನವಿಲ್ಲ, ಓಡದಿದ್ದರೂ ಇಲ್ಲ. “ನನಗೆ ಸ್ವಲ್ಪ ಮೋಟಿವೇಶನ್ ಬೇಕು ಮೇಡಂ” ಎಂದರು. ಇವು ಉತ್ಸಾಹ ಕುಗ್ಗಿದವರ ಲಕ್ಷಣಗಳಲ್ಲ. ವಿಶ್ರಾಂತಿ ಸಾಲದ ದೇಹ, ಹಗುರಾಗದ ಅಪರಾಧಿ ಭಾವ, ಎರಡೂ ಸೇರಿದಾಗ ಹೀಗಾಗುತ್ತದೆ. ಹುರಿದುಂಬಿಸುವ ಮಾತು ಬಿಟ್ಟು, ಮುಂದಿನ ಸಲ ಓಟದ ಡೈರಿ ತನ್ನಿ ಎಂದೆ.

ಡೈರಿ ಅಚ್ಚುಕಟ್ಟಾಗಿತ್ತು. ದಿನಾಂಕ, ಯೋಜನೆಯ ದೂರ, ಓಡಿದ ದೂರ, ಪೇಸ್, ಹೃದಯ ಬಡಿತ. ಬಲತುದಿಯಲ್ಲಿ ಕೆಂಪು ಪೆನ್ನಿನಲ್ಲಿ ಇನ್ನೊಂದು ಕಾಲಂ ಎಳೆದು ‘ಬಾಕಿ’ ಎಂದು ಬರೆದುಕೊಂಡಿದ್ದರು. ಆರನೇ ವಾರದವರೆಗೆ ಅಲ್ಲಿ ಬರೀ ಸೊನ್ನೆ. ಆ ವಾರ 32 ಕಿ.ಮೀ. ಓಡಿದ್ದರು. ಏಳನೇ ವಾರ ಜ್ವರ. ಯೋಜನೆಯಲ್ಲಿ 30 ಇದ್ದರೂ ಆಗಿದ್ದು 6. ಬಾಕಿ 24. ಎಂಟನೇ ವಾರದ 32ಕ್ಕೆ ಬಾಕಿಯ 12 ಸೇರಿಸಿ 44 ಓಡಿದ್ದರು. ಒಂಬತ್ತನೇ ವಾರ ಎಡಗಾಲು ನೋಯಲು ಶುರುವಾಗಿ 34ರಲ್ಲಿ 21 ಮಾತ್ರ ಆಯಿತು. ಬಾಕಿ ಮತ್ತೆ 25. ಪ್ರತಿ ವಾರದ ಕೊನೆಯಲ್ಲಿ ಆ ಅಂಕಿಯನ್ನು ಮುಂದಿನ ಪುಟದ ತಲೆಗೆ ಒಯ್ದು ಬರೆದಿದ್ದರು.

“ಈ 25 ಯಾರಿಗೆ ಕೊಡಬೇಕಾದದ್ದು?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಡೈರಿಯನ್ನೇ ನೋಡುತ್ತಿದ್ದರು. “ಯಾರಿಗೆ ಅಂತ ಗೊತ್ತಿಲ್ಲ ಮೇಡಂ. ಆದರೆ ಇದು ಸೊನ್ನೆ ಆಗದೆ ಸ್ಟಾರ್ಟ್ ಲೈನಿಗೆ ಹೋಗಿ ನಿಂತರೆ ಮೋಸ ಮಾಡಿದ ಹಾಗೆ ಅನ್ನಿಸುತ್ತೆ.”

“ಕಾಲು ನೋವು ಕೋಚ್‌ಗೆ ಗೊತ್ತಾ?”

“ಹೇಳಿಲ್ಲ. ಹೇಳಿದರೆ ಓಟ ನಿಲ್ಲಿಸಿಬಿಡ್ತಾರೆ.”

ಓಡದಿದ್ದರೆ ಮೋಸ, ನೋವು ಮುಚ್ಚಿಟ್ಟರೆ ಅಲ್ಲ! ಇದು ಆಕೆಗೆ ಆ ಕ್ಷಣದಲ್ಲೇ ಹೊಳೆಯಿತು, ಮುಖ ಬಾಡಿತು. ಅಲ್ಲಿಂದ ಮಾತು ಸಲೀಸಾಯಿತು. ಬಾಕಿ ಬೇಗ ತೀರಲಿ ಎಂದು ಈಸಿ ರನ್‌ಗಳನ್ನೂ 6:40ರ ಪೇಸ್‌ನಲ್ಲಿ ಓಡುತ್ತಿದ್ದರು. ಸ್ಪರ್ಧೆಯ ದಿನದ ಗುರಿಗೂ ಅದಕ್ಕೂ ಅಂತರ ಬರೀ 16 ಸೆಕೆಂಡು. ಆಕೆಯ ಮಟ್ಟದವರಿಗೆ ಈಸಿ ಎಂದರೆ 7:20ರಿಂದ 7:50. ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಓಡಲು ಆಗಬೇಕು. ಲಾಂಗ್ ರನ್‌ಗೆ, ಅಂದರೆ ವಾರದ ಅತಿ ಉದ್ದದ ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುತ್ತಿದ್ದರು. ಓಡದ ದಿನ “ಇವತ್ತು ಗಳಿಸಿಲ್ಲವಲ್ಲ” ಎಂದು ಊಟವನ್ನೂ ಅರ್ಧ ಮಾಡುತ್ತಿದ್ದರು.

ನೋವು ಎಲ್ಲಿ ಎಂದು ಕೇಳಿದಾಗ ಮೊಣಕಾಲಿನ ಕೆಳಗೆ, ಮೂಳೆಯ ಒಳಅಂಚಿನ ಮೇಲೆ ಒಂದೇ ಬೆರಳಿಟ್ಟು ತೋರಿಸಿದರು. ಆ ಒಂದು ಬೆರಳಿನಿಂದಾಗಿ ಅಂದಿನ ಸಲಹೆಯ ಕ್ರಮವೇ ಬದಲಾಯಿತು. ಶಿನ್ ಸ್ಪ್ಲಿಂಟ್ ಎನ್ನುವ ನೋವು ಸಾಮಾನ್ಯವಾಗಿ ಆ ಒಳಅಂಚಿನ ಉದ್ದಕ್ಕೂ ಹರಡಿರುತ್ತದೆ. ತೋರಿಸಿ ಎಂದರೆ ಅಂಗೈ ಆಡಿಸಿ ತೋರಿಸುತ್ತಾರೆ. ಓಟದ ಆರಂಭದಲ್ಲಿ ಕಾಡಿ ಮೈ ಬಿಸಿಯಾದಂತೆ ಇಳಿಯುವುದೂ ಉಂಟು. ಒಂದೇ ಬಿಂದುವಿನಲ್ಲಿ ಒತ್ತಿದರೆ ನೋಯುವುದು, ಓಡಿದಷ್ಟೂ ಹೆಚ್ಚುವುದು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವುದು, ರಾತ್ರಿ ಮಲಗಿದಾಗಲೂ ಇರುವುದು, ಇವು ಮೂಳೆಗೇ ಪೆಟ್ಟಾಗುತ್ತಿರುವ ಸೂಚನೆ. ಇದನ್ನು ನಿರ್ಧರಿಸುವುದು ಆಪ್ತಸಲಹೆಗಾರರ ಕೆಲಸವಲ್ಲ, ವೈದ್ಯರದ್ದು. ಆದರೆ ಇಷ್ಟು ಗುರುತಿಸಲು ಬಾರದವರು ಓಟಗಾರರಿಗೆ ಸಲಹೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದಾಗಿರಲಿಲ್ಲ: ಇವತ್ತಿನಿಂದ ಓಟ ಬಂದ್, ಕ್ರೀಡಾ ವೈದ್ಯರನ್ನು ಕಾಣಿ, ನೋವು ಶುರುವಾಗಿ ಎಷ್ಟು ದಿನವಾಯಿತು ಎಂದು ಸರಿಯಾಗಿ ಹೇಳಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೇ ಹೆಚ್ಚು. ‘ಎಕ್ಸ್‌ರೇ ನಾರ್ಮಲ್’ ಎಂದು ಮರುದಿನವೇ ಓಡಿ ಬಿರುಕು ಮಾಡಿಕೊಂಡವರಿದ್ದಾರೆ. ಎಂಆರ್‌ಐಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಆಕೆಗೂ ಎಂಆರ್‌ಐ ಆಯಿತು. ಬಿರುಕು ಬಿಟ್ಟಿರಲಿಲ್ಲ, ಅದರ ಹಿಂದಿನ ಹಂತ. ವೈದ್ಯರು ಸ್ಟ್ರೆಸ್ ರಿಯಾಕ್ಷನ್ ಎಂದರು.

ಆ ಕೆಂಪು ಕಾಲಂ ಯಾಕೆ ತಪ್ಪು ಎಂಬುದನ್ನು ಬಿಡಿಸಿ ಹೇಳಬೇಕು. ‘ಅಷ್ಟು ತಲೆ ಕೆಡಿಸಿಕೊಳ್ಳಬೇಡಿ’ ಎಂದರೆ ಇಂಥವರು ಒಪ್ಪುವುದಿಲ್ಲ, ಲೆಕ್ಕದ ಜನಕ್ಕೆ ಲೆಕ್ಕವನ್ನೇ ತೋರಿಸಬೇಕು.

ತರಬೇತಿ ಎಂದರೆ ದೂರವನ್ನು ಕೂಡಿಸಿ ಗುಡ್ಡೆ ಹಾಕುವುದಲ್ಲ. ಓಟ ದೇಹಕ್ಕೆ ಕೊಡುವ ಪೆಟ್ಟು. ಆಮೇಲಿನ ವಿಶ್ರಾಂತಿಯಲ್ಲಿ ದೇಹ ತನ್ನನ್ನು ಕಟ್ಟಿಕೊಳ್ಳುತ್ತದೆ. ಹೃದಯ, ಶ್ವಾಸಕೋಶ, ರಕ್ತದ ಹೊಂದಾಣಿಕೆ ಕೆಲವೇ ವಾರಗಳಲ್ಲಿ ಕಾಣುತ್ತದೆ. ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳು ಬೇಕು. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕರಗಿಸುವುದಕ್ಕೆ ಸುಮಾರು ಮೂರು ವಾರ, ತುಂಬಿ ಗಟ್ಟಿಯಾಗಲು ಮೂರು ತಿಂಗಳೋ ಹೆಚ್ಚೋ. ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಏದುಸಿರಿಲ್ಲದೆ ಓಡಲು ಆಗುತ್ತಿದೆ ಎಂಬ ಕಾರಣಕ್ಕೆ ದೂರ ಏರಿಸುವವರಿಗೆ ಐದರಿಂದ ಹತ್ತನೇ ವಾರದ ನಡುವೆ ಮೂಳೆ ನೋವು ಬರುವುದು ಈ ಕಾರಣಕ್ಕೆ. ಆಕೆಯ 32, 6, 44ನ್ನು ಒಂದರ ಪಕ್ಕ ಒಂದು ಬರೆದು ತೋರಿಸಿದೆ. ಜ್ವರದಿಂದ ಎದ್ದ ದೇಹಕ್ಕೆ ಅಲ್ಲಿಯವರೆಗಿನ ಅತಿ ದೊಡ್ಡ ವಾರವನ್ನು ಹೊರಿಸಿದ್ದರು, ಅದೂ ವೇಗವಾಗಿ, ಅದೂ ಕಡಿಮೆ ತಿಂದು. ದೇಹಕ್ಕೆ ಬೇಕಾದಷ್ಟು ಆಹಾರ ಸಿಗದಿದ್ದರೆ ಮೂಳೆಯ ರಿಪೇರಿಯೂ ಕುಂಠಿತವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ರೆಡ್-ಎಸ್’ (ರಿಲೇಟಿವ್ ಎನರ್ಜಿ ಡಿಫಿಷಿಯೆನ್ಸಿ ಇನ್ ಸ್ಪೋರ್ಟ್) ಎಂದು ಹೆಸರು ಕೊಟ್ಟು, ಗಂಡಸರಿಗೂ ಇದು ಬರುತ್ತದೆ ಎಂದು ಸ್ಪಷ್ಟಪಡಿಸಿತು. ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪುವುದು ಇದರ ದೊಡ್ಡ ಸೂಚನೆ. ಸಂಕೋಚಪಡದೆ ಕೇಳಲೇಬೇಕಾದ ಪ್ರಶ್ನೆ. ಆಕೆಗೆ ತಪ್ಪಿರಲಿಲ್ಲ.

ಇನ್ನು ಜ್ವರದ ವಾರದಲ್ಲಿ ಆಕೆ ನಿಜಕ್ಕೂ ಕಳೆದುಕೊಂಡಿದ್ದೆಷ್ಟು? ವಾರ, ಹತ್ತು ದಿನ ಓಡದಿದ್ದರೆ ದಮ್ಮು ಕುಗ್ಗುವುದು ತೀರಾ ಅಲ್ಪ. ಬೇಗ ಇಳಿಯುವುದು ರಕ್ತದ ದ್ರವಭಾಗ. ಅದರಿಂದ ಅದೇ ಪೇಸ್‌ಗೆ ಹೃದಯ ಹೆಚ್ಚು ಬಡಿಯುತ್ತದೆ, ವಾಚು ಕೆಟ್ಟ ಅಂಕಿ ತೋರಿಸುತ್ತದೆ, ‘ಎಲ್ಲ ಹೋಯಿತು’ ಎಂಬ ಗಾಬರಿಯಾಗುತ್ತದೆ. ನಾಲ್ಕೈದು ಸುಲಭ ಓಟಗಳಲ್ಲಿ ಅದು ಮರಳುತ್ತದೆ. ತೀರಿಸಬೇಕಾದ 24 ಕಿ.ಮೀ. ಎಂಬುದು ಕಾಗದದ ಮೇಲೆ ಮಾತ್ರ ಇತ್ತು.

ಸಲಹೆ ಹೀಗಿತ್ತು. ಬಾಕಿ ಕಾಲಂ ತೆಗೆದು ಆ ಜಾಗದಲ್ಲಿ ಎರಡು ಅಂಕಿ ಬರೆಯುವುದು: ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹತ್ತು ಹೆಜ್ಜೆಯಲ್ಲಿ ನೋವು ಹತ್ತಕ್ಕೆ ಎಷ್ಟು. ಆ ಡೈರಿಯ ಫೋಟೊ ವಾರಕ್ಕೊಮ್ಮೆ ಕೋಚ್‌ಗೆ ಹೋಗಬೇಕು, ತಾನಾಗಿ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಬರಬಾರದು. ಸ್ನಾಯು ನೋವಾದರೆ ಎರಡರವರೆಗೆ ಓಡಬಹುದು. ಮೂರು ದಾಟಿ ಮರುದಿನವೂ ಉಳಿದರೆ ದೂರ ಅರ್ಧ, ವೇಗದ ಓಟ ಇಲ್ಲ. ನಡಿಗೆ ಕುಂಟಾದರೆ ಅಥವಾ ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ನೋವಾದರೆ ಅಂಕಿ ಎಷ್ಟೇ ಇರಲಿ ಓಟ ನಿಲ್ಲಿಸುವುದು. ಓಡುವ ಮುಂಚೆ ನೋವಿನ ಮಾತ್ರೆ ಬೇಡವೇ ಬೇಡ. ಅದು ಎಚ್ಚರಿಕೆಯನ್ನು ಮುಚ್ಚುತ್ತದೆ, ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೂ ಭಾರ. ಓಡದ ದಿನವೂ ಪೂರ್ತಿ ಊಟ.

ತಪ್ಪಿದ ದಿನಗಳಿಗೆ ಒಂದು ಪಟ್ಟಿ ಬರೆದು ಡೈರಿಯ ಮೊದಲ ಪುಟಕ್ಕೆ ಅಂಟಿಸಿದೆವು. ಒಂದೆರಡು ದಿನ ತಪ್ಪಿದರೆ ಅವು ಇರಲೇ ಇಲ್ಲ ಎಂದುಕೊಂಡು ಇವತ್ತಿನ ಓಟ ಮಾಡುವುದು. ಮೂರರಿಂದ ಆರು ದಿನವಾದರೆ ಮೊದಲೆರಡು ಓಟ ಸುಲಭ, ಚಿಕ್ಕದು. ಲಾಂಗ್ ರನ್ ಕೊನೆಯ ಸಲ ಓಡಿದ್ದಕ್ಕಿಂತ ಉದ್ದ ಬೇಡ. ಒಂದರಿಂದ ಎರಡು ವಾರವಾದರೆ ಹಳೆಯ ದೂರದ ಅರ್ಧದಿಂದ ಶುರು, ಒಂದು ವಾರ ಟೆಂಪೋ, ಇಂಟರ್ವಲ್ ಎಂಬ ವೇಗದ ಓಟ ಯಾವುದೂ ಇಲ್ಲ, ಸಮಯದ ಗುರಿಯ ಮರುಪರಿಶೀಲನೆ. ಅದಕ್ಕಿಂತ ಹೆಚ್ಚಾದರೆ ಬರೀ ಮುಗಿಸುವುದೇ ಗುರಿ, ಇಲ್ಲವೇ ಮುಂದಿನ ಸ್ಪರ್ಧೆ. ಜ್ವರವಾಗಿದ್ದರೆ ಮಾತ್ರೆ ಇಲ್ಲದೆ ಒಂದು ಇಡೀ ದಿನ ಜ್ವರವಿಲ್ಲದೆ ಕಳೆಯಬೇಕು, ಬೆಳಗಿನ ನಾಡಿ ಎಂದಿನ ಮಟ್ಟಕ್ಕೆ ಇಳಿದಿರಬೇಕು. ಎದೆನೋವು, ಅಸಹಜ ಏದುಸಿರು, ಎದೆ ಡವಗುಟ್ಟುವುದು ಇದ್ದರೆ ವೈದ್ಯರನ್ನು ಕಾಣದೆ ಓಡಬಾರದು. ವೈರಸ್ ಜ್ವರದ ನಂತರ ಹೃದಯದ ಸ್ನಾಯು ಊದಿಕೊಂಡಿರುವ ಸಾಧ್ಯತೆ ಕಡಿಮೆಯಾದರೂ ಅಪಾಯ ದೊಡ್ಡದು.

ಈ ಸಲಹೆಗೆ ಎರಡು ಆಕ್ಷೇಪ ಬಂದಿವೆ. ಒಂದು, ಮನಸ್ಸಿನ ಮಾತು ಬಿಟ್ಟು ಕಿಲೋಮೀಟರ್ ಲೆಕ್ಕ ಯಾಕೆ ಎಂಬುದು. ಆಕೆಯ ಸಂಕಟ ಕೂತಿದ್ದೇ ಆ ಲೆಕ್ಕದಲ್ಲಿ. ಅದನ್ನು ಮುಟ್ಟದೆ ಬಾಲ್ಯ, ಸ್ವಾಭಿಮಾನ ಎಂದು ಮಾತಾಡುತ್ತಾ ಕೂತಿದ್ದರೆ ಅಷ್ಟರಲ್ಲಿ ಮೂಳೆ ಬಿರಿಯುತ್ತಿತ್ತು. ಅಪರಾಧಿ ಭಾವದ ಬೇರಿನ ಬಗ್ಗೆ ಆಮೇಲೆ ಮಾತಾಡಿದ್ದೇವೆ, ಅದು ಇಲ್ಲಿ ಬೇಡ. ಇನ್ನೊಂದು, ‘ದೇಹ ಹೇಳಿದ್ದನ್ನು ಕೇಳಿ’ ಎಂದರೆ ಸಾಕಿತ್ತಲ್ಲ, ಇಷ್ಟೊಂದು ನಿಯಮ ಯಾಕೆ ಎಂಬುದು. ಆತಂಕದಲ್ಲಿರುವವರಿಗೆ ಆ ಮಾತು ಕೆಲಸಕ್ಕೆ ಬರುವುದಿಲ್ಲ. ಬೆಳಿಗ್ಗೆ ಐದಕ್ಕೆ ಶೂ ಕಟ್ಟಿಕೊಂಡು ನಿಂತಾಗ ನೋವು ಮೂರೋ ಐದೋ ಎಂದು ಹೊಸದಾಗಿ ತೀರ್ಮಾನಿಸಹೊರಟರೆ ಭಯವೇ ಗೆಲ್ಲುತ್ತದೆ. ಸಮಾಧಾನವಾಗಿದ್ದಾಗ ಬರೆದಿಟ್ಟ ನಿಯಮ ಇದ್ದರೆ ಆ ಹೊತ್ತಿನ ವಾದಕ್ಕೆ ಜಾಗವಿಲ್ಲ.

ಆ ಸ್ಪರ್ಧೆಯನ್ನು ಆಕೆ ಬಿಟ್ಟರು. ಬಿಡಿ ಎಂದು ನಾನು ಹೇಳಲಿಲ್ಲ. ವೈದ್ಯರ ವರದಿ, ಉಳಿದಿದ್ದ ಐದು ವಾರ, ಮೂಳೆಗೆ ಬೇಕಾದ ಕಾಲ, ಮೂರನ್ನೂ ಕೋಚ್ ಎದುರು ಇಟ್ಟು ಆಕೆಯೇ ತೀರ್ಮಾನಿಸಿದರು. ಎರಡು ದಿನ ಅತ್ತರು, ಅಳುವಂಥದ್ದೇ. ಓಟವಿಲ್ಲದ ವಾರಗಳಲ್ಲಿ ಈಜು, ನಿಂತಲ್ಲೇ ತುಳಿಯುವ ಸೈಕಲ್. ಅರ್ಧ ಗಂಟೆ ನೋವಿಲ್ಲದೆ ನಡೆಯುವಂತಾಗಿ ವೈದ್ಯರು ಒಪ್ಪಿದ ಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಎಂಟು ಸುತ್ತು, ದಿನ ಬಿಟ್ಟು ದಿನ. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಂತೆ ಹಿಮ್ಮಡಿ ಎತ್ತಿಳಿಸುವ ವ್ಯಾಯಾಮ, ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಬಾಗಿಸಿ ಒಮ್ಮೆ. ಮೊದಲು ಸಮಯ ಹೆಚ್ಚಿಸಿದ್ದು, ಆಮೇಲೆ ದೂರ, ಕೊನೆಗೆ ವೇಗ.

ಮುಂದಿನ ತಯಾರಿಯಲ್ಲೂ ನೆಗಡಿಯಿಂದ ನಾಲ್ಕು ದಿನ ತಪ್ಪಿದವು. ಪಟ್ಟಿ ನೋಡಿ ಎರಡು ಚಿಕ್ಕ ಓಟ ಮಾಡಿ ಯೋಜನೆಗೆ ಸೇರಿಕೊಂಡರು. ಕೊನೆಯ ಎರಡು ವಾರದ ಟೇಪರ್‌ನಲ್ಲಿ, ಅಂದರೆ ಸ್ಪರ್ಧೆಗೆ ಮುಂಚೆ ಓಟ ತಗ್ಗಿಸುವ ಅವಧಿಯಲ್ಲಿ, ದೂರವನ್ನು ಅರ್ಧದಷ್ಟು ಇಳಿಸಿದಾಗ ಮಾತ್ರ ಹಳೆಯ ಚಡಪಡಿಕೆ ಎದ್ದಿತು, ಸಂಜೆ ಫೋನ್ ಮಾಡಿ “ಒಂದು 10 ಕಿ.ಮೀ. ಹೆಚ್ಚಿಗೆ ಓಡಲಾ?” ಎಂದು ಕೇಳಿದರು. ಈಗ ಓಡಿದ್ದರಿಂದ ಸ್ಪರ್ಧೆಯ ದಿನಕ್ಕೆ ಲಾಭ ಬರುವಷ್ಟು ಕಾಲ ಉಳಿದಿಲ್ಲ, ದಣಿವು ಮಾತ್ರ ಉಳಿಯುತ್ತದೆ ಎಂದೆ. ಓಡಲಿಲ್ಲ. 2 ಗಂಟೆ 21 ನಿಮಿಷದಲ್ಲಿ ಮುಗಿಸಿದರು. ಓಡದ ದಿನ ಊಟ ಇಳಿಸುವ ಅಭ್ಯಾಸ ಇನ್ನೂ ಆಗಾಗ ಮರಳುತ್ತದೆ. ಅದಕ್ಕಾಗಿ ಆಹಾರ ತಜ್ಞರನ್ನು ಕಾಣುತ್ತಿದ್ದಾರೆ, ನಮ್ಮ ಮಾತುಕತೆಯೂ ಮುಂದುವರಿದಿದೆ.