ಅಡಿಟಿಪ್ಪಣಿ ಓದಿ ನಿದ್ದೆ ಕೆಟ್ಟವರಿಗೆ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷ್ಯದ್ದು, ಬೈಬಲ್ ಮತ್ತು ಅನುಮಾನ. ನಾನು ಹಾಸನದಲ್ಲಿ ವರ್ಷಗಟ್ಟಲೆ ಕನ್ನಡ ಪಾಠ ಮಾಡಿದವನು, ಪಾದ್ರಿ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಹಳೇ ಹಸ್ತಪ್ರತಿ ಅಂದ್ರೆ ಹುಚ್ಚು, ಭಾನುವಾರ ಚರ್ಚಿಗೂ ಹೋಗ್ತೀನಿ, ಅಷ್ಟೇ ನನ್ನ ಅರ್ಹತೆ.

ಪ್ರಶ್ನೆ: ಸರ್, ನಮ್ಮೂರು ಚಿಕ್ಕಮಗಳೂರು ಹತ್ರ, ಕೆಲಸ ಬೆಂಗಳೂರಲ್ಲಿ. ಈ ತಪಸ್ಸುಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮಾರ್ಕನ ಶುಭಸಂದೇಶ ಪೂರ್ತಿ ಓದೋಣ ಅಂತ ಕೂತೆ. ಕೊನೇ ಅಧ್ಯಾಯದ ಕೆಳಗೆ ಸಣ್ಣಕ್ಷರದಲ್ಲಿ, 9ರಿಂದ 20ನೇ ವಚನ, ಅಂದ್ರೆ ಸತ್ತು ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಂಡ ಭಾಗ, ಹಳೇ ಪ್ರತಿಗಳಲ್ಲಿ ಇಲ್ಲ ಅಂತ ಇತ್ತು. ಅಲ್ಲಿಂದ ಯೂಟ್ಯೂಬ್‌ಗೆ ಹೋದೆ, ರಾತ್ರಿ ಎರಡು ಗಂಟೆ ತನಕ ನೋಡಿದೆ, ಈಗ ಯಾವುದು ನಿಜ ಅಂತಾನೇ ಗೊತ್ತಾಗ್ತಿಲ್ಲ. ಊರಿಗೆ ಹೋದಾಗ ಅಮ್ಮನ ಜೊತೆ ಪೂಜೆಗೆ ಹೋಗ್ತೀನಿ ಆದ್ರೆ ವಿಶ್ವಾಸಸಂಗ್ರಹ (ಎಲ್ರೂ ಒಟ್ಟಿಗೆ ಹೇಳೋ ನಂಬಿಕೆಯ ಸಾರ) ಹೇಳುವಾಗ ಬಾಯಿ ಕಟ್ಟುತ್ತೆ. ನಾನು ನಾಟಕ ಮಾಡ್ತಿದೀನಾ?

ಉತ್ತರ: ಮೊದ್ಲು ಆ ಟಿಪ್ಪಣಿ ವಿಷ್ಯ ಮುಗಿಸೋಣ ತಮ್ಮಾ. ಅದು ನಿಜ. ಹೊಸ ಒಡಂಬಡಿಕೆಯ ಎರಡು ದೊಡ್ಡ ಹಳೇ ಪ್ರತಿಗಳು ಅಂದ್ರೆ ಸಿನಾಯ್ಟಿಕಸ್ ಮತ್ತೆ ವ್ಯಾಟಿಕನಸ್, ಎರಡೂ 4ನೇ ಶತಮಾನದವು, ಎರಡರಲ್ಲೂ ಮಾರ್ಕ 16:8ಕ್ಕೇ ಮುಗಿದು ಹೋಗುತ್ತೆ. ಹೆಂಗಸರು ಸಮಾಧಿಯಿಂದ ಓಡಿ ಬರ್ತಾರೆ, ಹೆದರಿದ್ದಕ್ಕೆ ಯಾರಿಗೂ ಏನೂ ಹೇಳಲಿಲ್ಲ, ಮುಗೀತು. ವ್ಯಾಟಿಕನಸ್‌ನಲ್ಲಿ ಇನ್ನೊಂದು ಮಜಾ ಇದೆ. ಆ ವಚನ ಆದ್ಮೇಲೆ ಬರೆದವನು ಒಂದು ಇಡೀ ಕಾಲಂ ಖಾಲಿ ಬಿಟ್ಟು ಆಮೇಲೆ ಲೂಕನ ಶುಭಸಂದೇಶ ಶುರು ಮಾಡಿದಾನೆ. ಇನ್ನೇನೋ ಇದೆ ಅಂತ ಅವನಿಗೆ ಗೊತ್ತಿತ್ತಾ, ಸುಮ್ನೆ ಜಾಗ ಬಿಟ್ಟನಾ, ಪಂಡಿತರು ಇವತ್ತಿಗೂ ಕಿತ್ತಾಡ್ತಾರೆ. ಸಿನಾಯ್ಟಿಕಸ್‌ದು ಸಿನಿಮಾ ಕಥೆ. ಟಿಶೆಂಡಾರ್ಫ್ ಅನ್ನೋ ಜರ್ಮನ್ ವಿದ್ವಾಂಸ 1844ರಲ್ಲಿ ಸಿನಾಯ್ ಬೆಟ್ಟದ ಬುಡದ ಮಠದಲ್ಲಿ ಅದರ ಕೆಲವು ಹಾಳೆ ನೋಡಿದ, 1859ರಲ್ಲಿ ಮತ್ತೆ ಹೋದಾಗ ಬಹುಪಾಲು ಸಿಕ್ತು, ಅದು ರಷ್ಯಾಕ್ಕೆ ಹೋಯ್ತು, 1933ರಲ್ಲಿ ಸೋವಿಯತ್ ಸರ್ಕಾರ ಒಂದು ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿಬಿಡ್ತು. ಈಗ ಪ್ರತಿ ಹಾಳೆನೂ ಇಂಟರ್ನೆಟ್ಟಲ್ಲಿ ಪುಕ್ಕಟೆ ನೋಡಬಹುದು. ರಾತ್ರಿ ಎರಡು ಗಂಟೆಗೆ ನಿದ್ದೆ ಬರದಿದ್ರೆ ವಿಡಿಯೋ ಬಿಟ್ಟು ಅದನ್ನ ನೋಡಿ, ಗ್ರೀಕ್ ಬರದಿದ್ರೂ ಪರವಾಗಿಲ್ಲ, ಆ ಅಕ್ಷರ ನೋಡೋದೇ ಒಂದು ಸುಖ.

9ನೇ ವಚನದಿಂದ ಕೈ ಬದಲಾಗಿದೆ ಅಂತ ಅನುವಾದದಲ್ಲೂ ಗೊತ್ತಾಗುತ್ತೆ. ಮಗ್ದಲದ ಮರಿಯ ಸ್ವಲ್ಪ ಮೇಲೆ ಬಂದು ಹೋಗಿದಾಳೆ, ಆದ್ರೂ ಇಲ್ಲಿ ಹೊಸಬಳ ಥರ, ಏಳು ದೆವ್ವ ಬಿಡಿಸಿಕೊಂಡವಳು ಅಂತ ಪರಿಚಯ ಮಾಡ್ಕೊಡ್ತಾರೆ. ಕನ್ನಡ ಎಂ.ಎ. ಮಾಡಿದವರಿಗೆ ಗ್ರಂಥಸಂಪಾದನೆ ಪೇಪರ್ ನೆನಪಿರುತ್ತೆ, ಪಾಠಾಂತರ, ಪ್ರಕ್ಷಿಪ್ತ (ಆಮೇಲೆ ಯಾರೋ ಸೇರಿಸಿದ ಭಾಗ) ಅಂತೆಲ್ಲ ಬಾಯಿಪಾಠ ಮಾಡಿರ್ತೀವಿ. ಎರಡು ಪಾಠ ಸಿಕ್ಕಿದ್ರೆ ಕಷ್ಟದ್ದೇ ಮೂಲ ಇರೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ನಕಲು ಮಾಡೋನು ಕಷ್ಟವಾದದ್ದನ್ನ ಸುಲಭ ಮಾಡ್ತಾನೆಯೇ ಹೊರತು ಸುಲಭವಾದದ್ದನ್ನ ಕಷ್ಟ ಮಾಡಲ್ಲ. ಹೆದರಿಕೆಗೇ ನಿಂತುಹೋದ ಕಥೆ ಯಾರಿಗೋ ತಡ್ಕೊಳ್ಳೋಕಾಗಲಿಲ್ಲ, ಬೇರೆ ಕಡೆ ಕೇಳಿದ್ದನ್ನ ಸೇರಿಸಿ ಮುಗಿಸಿದ್ರು. ಇದೇ ಕೆಲಸ ಕುಮಾರವ್ಯಾಸನ ಮೇಲೆ, ವಚನಗಳ ಮೇಲೆ ನಡೆದಾಗ ನಾವು ಪರೀಕ್ಷೆ ಬರೆದು ಮಾರ್ಕ್ಸ್ ತಗೊಂಡ್ವಿ, ಬೈಬಲ್ ಮೇಲೆ ನಡೆದಾಗ ನಿದ್ದೆ ಕೆಡುತ್ತೆ.

ಯಾಕೆ ಕೆಡುತ್ತೆ? ಬೇಲೂರಿಗೆ ಹೋಗಿರ್ತೀರಲ್ಲ. ಕಪ್ಪೆ ಚೆನ್ನಿಗರಾಯನ ಮುಂದೆ ಗೈಡ್ ನಿಲ್ಲಿಸಿ ಕಥೆ ಹೇಳ್ತಾನೆ, ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷ ಇದೆ ಅಂತ ಹುಡುಗ ಡಂಕಣ ಹೇಳಿದ, ಗಂಧ ಸವರಿದ್ರೆ ಹೊಕ್ಕಳ ಹತ್ರ ಒಣಗಲೇ ಇಲ್ಲ, ಉಳಿ ಇಟ್ಟ ತಕ್ಷಣ ನೀರು ಕಪ್ಪೆ ಎರಡೂ ಹೊರಗೆ ಬಂತು. ಚಿಕ್ಕೋನಿದ್ದಾಗ ನಾನು ಹೊಕ್ಕಳಲ್ಲಿ ತೂತು ಹುಡುಕಿದ್ದೆ. ಆಮೇಲೆ ಕಾಲೇಜಲ್ಲಿ ಗೊತ್ತಾಯ್ತು, ಬೇಲೂರಿನ ಶಾಸನದಲ್ಲಿ ಜಕಣಾಚಾರಿ ಹೆಸರೇ ಇಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿರೋದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಂಥವರದ್ದು. ಗುಡಿಗೇನೂ ಆಗಲಿಲ್ಲ, ನಿಂತಿತ್ತು ನಿಂತೇ ಇದೆ. ಆದ್ರೆ ಈ ಹೋಲಿಕೆ ಇಲ್ಲಿಗೇ ನಿಲ್ಲಿಸ್ಬೇಕು, ಜಕಣಾಚಾರಿ ಇದ್ದ ಅಂತ ನಂಬ್ಕೊಂಡು ಯಾರೂ ಸತ್ತವರನ್ನ ಮಣ್ಣು ಮಾಡಲ್ಲ. ಪುನರುತ್ಥಾನ ಹಾಗಲ್ಲ. ಅದಕ್ಕೇ ನಿಮ್ಮ ಬಾಯಿ ಕಟ್ಟಿದ್ದು, ಅದು ನಂಗೆ ಅರ್ಥ ಆಗುತ್ತೆ.

ಇಲ್ಲಿ ಎರಡು ಪ್ರಶ್ನೆ ಕಲಸಿಹೋಗಿದೆ. ಏನು ಬರೆದಿತ್ತು ಅನ್ನೋದು ಒಂದು, ಏನು ನಡೀತು ಅನ್ನೋದು ಇನ್ನೊಂದು. ಹಸ್ತಪ್ರತಿ ಪಂಡಿತರು ಉತ್ತರ ಕೊಡೋದು ಮೊದಲನೇದಕ್ಕೆ ಮಾತ್ರ. ಎರಡನೇದಕ್ಕೆ ಮಾರ್ಕನ ಕೊನೇ 12 ವಚನ ಇದ್ರೂ ಸಾಕ್ಷಿ ಸಾಲಲ್ಲ, ಇಲ್ಲದಿದ್ರೂ ಅಷ್ಟೇನೂ ನಷ್ಟ ಇಲ್ಲ, ಯಾಕಂದ್ರೆ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರ ಮಾರ್ಕನಿಗಿಂತ ಹಳೇದು. ಪತ್ರ ಕ್ರಿ.ಶ. 50ರ ದಶಕದ್ದು, ಮಾರ್ಕ 70ರ ಆಸುಪಾಸು ಅಂತ ಹೆಚ್ಚಿನವರ ಲೆಕ್ಕ. ಅದರ 15ನೇ ಅಧ್ಯಾಯದಲ್ಲಿ ಸತ್ತರು, ಹೂಳಲ್ಪಟ್ಟರು, ಎದ್ದರು, ಪೇತ್ರನಿಗೆ ಕಾಣಿಸಿಕೊಂಡರು, ಹನ್ನೆರಡು ಜನಕ್ಕೆ, ಐನೂರಕ್ಕೂ ಹೆಚ್ಚು ಜನಕ್ಕೆ ಕಾಣಿಸಿಕೊಂಡರು ಅಂತ ಪಟ್ಟಿನೇ ಇದೆ, ಅದೂ ನಾನು ಇದನ್ನ ಬೇರೆಯವರಿಂದ ಪಡೆದು ನಿಮಗೆ ದಾಟಿಸಿದ್ದು ಅಂತ ಪೌಲನೇ ಹೇಳ್ತಾನೆ. ಅಂದ್ರೆ ಆ ನಂಬಿಕೆ ಯಾವನೋ ನಕಲುಗಾರ ಆಮೇಲೆ ಸೇರಿಸಿದ್ದಲ್ಲ, ಶುರುವಿಂದ್ಲೂ ಇತ್ತು. ಆ ಜನ ಕಂಡದ್ದು ಏನು, ನೀವು ಅದನ್ನ ನಂಬ್ತೀರಾ ಇಲ್ವಾ, ಇದಕ್ಕೆ ಯಾವ ಪ್ರೊಫೆಸರ್ರೂ ನಿಮ್ಮ ಬದಲು ಉತ್ತರ ಬರೀಲಿಕ್ಕಾಗಲ್ಲ. ನಾನು ನಂಬ್ತೀನಿ, ಕೆಲವು ದಿನ ಕಷ್ಟಪಟ್ಟು ನಂಬ್ತೀನಿ.

ನಾಟಕದ ಮಾತು. ವಿಶ್ವಾಸಸಂಗ್ರಹ ಮೂಲ ಗ್ರೀಕಲ್ಲಿ, ಅಂದ್ರೆ 325ರ ನೈಸಿಯಾದ ಬಿಷಪ್‌ಗಳ ಸಭೆಯಲ್ಲಿ, ಶುರುವಾಗೋದು ನಾವು ವಿಶ್ವಾಸಿಸುತ್ತೇವೆ ಅಂತ, ಬಹುವಚನ. ನಿಮ್ಮ ಬಾಯಿ ಕಟ್ಟಿದ ಭಾನುವಾರ ಪಕ್ಕದಲ್ಲಿ ಅಮ್ಮ ಹೇಳ್ತಿರ್ತಾರೆ, ಆ ಸಾಲು ನಿಂತುಹೋಗಲ್ಲ. ನಮ್ಮಜ್ಜಿಗೆ ಓದೋಕೆ ಬರ್ತಿರಲಿಲ್ಲ, ಮೂಡಿಗೆರೆ ಕಡೆ ತೋಟದ ಮನೇಲಿ ಸಂಜೆ ಕರೆಂಟ್ ಹೋದ್ರೆ ಬುಡ್ಡಿ ಹಚ್ಚಿ ಕೊಂಕಣೀಲಿ ತೇರ್ಸ, ಅಂದ್ರೆ ಜಪಸರದ ಪ್ರಾರ್ಥನೆ, ಹೇಳಿಸ್ತಿದ್ರು, ಮಧ್ಯದಲ್ಲಿ ನಾವು ತೂಕಡಿಸಿದ್ರೆ ಬೆರಳಲ್ಲಿದ್ದ ಜಪಸರದಿಂದಲೇ ತಲೆಗೆ ಒಂದು ಮೊಟಕು. ಅವರ ವಿಶ್ವಾಸ 16ನೇ ಅಧ್ಯಾಯದ 9ನೇ ವಚನದ ಮೇಲೆ ನಿಂತಿರಲಿಲ್ಲ, ಅಂಥ ವಚನ ಇದೆ ಅಂತಾನೂ ಅವರಿಗೆ ಗೊತ್ತಿರಲಿಲ್ಲ.

ನಂದೊಂದು ಹಳೇ ತಕರಾರಿದೆ, ಹೇಳೇಬಿಡ್ತೀನಿ. ನಮ್ಮ ಫಾದರ್‌ಗಳು ಸೆಮಿನರೀಲಿ ಇದನ್ನೆಲ್ಲ ಓದೇ ಬಂದಿರ್ತಾರೆ. 1943ರಲ್ಲೇ ಪೋಪ್ ಹನ್ನೆರಡನೇ ಪಿಯುಸ್ ಮೂಲ ಭಾಷೆ, ಕಾಲ, ಬರವಣಿಗೆ ರೀತಿ ನೋಡಿ ಓದಿ ಅಂತ ವಿದ್ವಾಂಸರಿಗೆ ಬಾಗಿಲು ತೆಗೆದರು. ಆದ್ರೆ ಪ್ರಸಂಗದಲ್ಲಿ ಒಬ್ರೂ ಬಾಯಿ ಬಿಡಲ್ಲ, ಜನ ಕೆಟ್ಟುಹೋಗ್ತಾರೆ ಅಂತ ಭಯ. ನಾನು ಎಂಟನೇ ಕ್ಲಾಸಲ್ಲಿ ಧರ್ಮೋಪದೇಶದ ಟೀಚರ್ ಹತ್ರ ಕೇಳಿದ್ದೆ, ಗೊಲ್ಯಾತನನ್ನ ಕೊಂದದ್ದು ದಾವೀದ ಅಂದ್ರಲ್ಲ, 2 ಸಮುವೇಲ 21:19ರಲ್ಲಿ ಎಲ್ಹಾನಾನ್ ಅಂತ ಇದೆಯಲ್ಲ ಅಂತ. ಕಿವಿ ಹಿಂಡಿಸ್ಕೊಂಡೆ. ಪೂರ್ವಕಾಲ ವೃತ್ತಾಂತ ಅನ್ನೋ ಬೈಬಲ್ ಪುಸ್ತಕ ಬರೆದವನಿಗೂ ಅದೇ ತಲೆಬಿಸಿ ಇದ್ದಿರಬೇಕು, ಅವನು ಅದನ್ನ ಗೊಲ್ಯಾತನ ತಮ್ಮ ಅಂತ ಮಾಡಿದಾನೆ. ಊರಿಗೆ ಹೋದಾಗ ನಿಮ್ಮ ಫಾದರ್ ಹತ್ರ ನೇರ ಕೇಳಿ. ಮುಖ ಸಿಂಡರಿಸಿದ್ರೆ ಬೇರೆಯವರನ್ನ ಕೇಳಿ.

ಪ್ರಶ್ನೆ: ಮೋಶೆ ಐದು ಪುಸ್ತಕ ಬರೆದ ಅಂತಾರೆ, ಹಾಗಾದ್ರೆ ತನ್ನ ಸಾವನ್ನ ತಾನೇ ಹೇಗೆ ಬರೆದ? – ಅರಸೀಕೆರೆಯಿಂದ ಒಬ್ಬ ಓದುಗರು

ಉತ್ತರ: ನಿಮಗಿಂತ ಮುಂಚೆ ಯೆಹೂದ್ಯ ಗುರುಗಳೇ ಕೇಳಿದ್ರು. ಐದನೇ ಪುಸ್ತಕದ ಕೊನೇ ಎಂಟು ವಚನ ಯೆಹೋಶುವ ಬರೆದ ಅಂತ ಆ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲೇ ಒಂದು ಉತ್ತರ ಇದೆ. ಮೋಶೆಯ ಸಮಾಧಿ ಎಲ್ಲಿದೆ ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ ಅನ್ನೋ ಸಾಲಿದೆ ನೋಡಿ, ಆ ಇವತ್ತು ಯಾವತ್ತು ಅಂತ ಯೋಚ್ನೆ ಮಾಡಿ, ಬರೆದವನು ತುಂಬಾ ಆಮೇಲಿನವನು ಅಂತ ಅನ್ನಿಸುತ್ತೆ. ಆದಿಕಾಂಡದಲ್ಲಿ ದೇವರಿಗೆ ಎರಡು ಹೆಸರು ಯಾಕೆ ಅಂತ ಎಳೆ ಬಿಡಿಸೋಕೆ ಹೋದವನು ಆಸ್ಟ್ರಕ್ ಅನ್ನೋ ಫ್ರೆಂಚ್ ಡಾಕ್ಟರ್, 1753ರಲ್ಲಿ. ಅವನೂ ಮೋಶೆಯನ್ನ ಬಿಟ್ಟುಕೊಡಲಿಲ್ಲ, ಮೋಶೆ ಹಳೇ ಬರಹ ಸೇರಿಸಿ ಹೊಲಿದ ಅಂದ. ಹೊಲಿಗೆ ಬಿಚ್ಚಿದವರು ಆಮೇಲೆ ಬಂದ ಜರ್ಮನರು.

ಪ್ರಶ್ನೆ: ಅಣ್ಣಾ, ಸಕಲೇಶಪುರದಿಂದ ಬರೀತಿದೀನಿ. ವ್ಯಭಿಚಾರದಲ್ಲಿ ಸಿಕ್ಕಿದ ಹೆಂಗಸಿನ ಕಥೆನೂ ಮೂಲದಲ್ಲಿ ಇಲ್ವಂತೆ. ಪಾಪ ಮಾಡದವನು ಮೊದಲ ಕಲ್ಲು ಎಸೀಲಿ ಅನ್ನೋ ಮಾತು. ನನ್ನ ಬದುಕಲ್ಲಿ ಒಂದು ಕೆಟ್ಟ ಟೈಮಲ್ಲಿ ಅದೊಂದೇ ನನ್ನ ಹಿಡ್ಕೊಂಡಿದ್ದು. ಅದೂ ಹೋಯ್ತಾ?

ಉತ್ತರ: ಎಲ್ಲಿಗೂ ಹೋಗಿಲ್ಲ ತಂಗಿ, ನಮ್ಮ ಬೈಬಲ್‌ನಲ್ಲಿ ಯೊವಾನ್ನನ ಶುಭಸಂದೇಶದ 8ನೇ ಅಧ್ಯಾಯದ ಶುರುವಲ್ಲೇ ಇದೆ, ಆದ್ರೆ ಅದಕ್ಕೆ ಸ್ವಂತ ಮನೆ ಇಲ್ಲ ಅನ್ನೋದು ನಿಜ. ಸಿನಾಯ್ಟಿಕಸ್, ವ್ಯಾಟಿಕನಸ್ ಎರಡರಲ್ಲೂ ಇಲ್ಲ, ಅದಕ್ಕಿಂತ ಹಳೇ ಪಪೈರಸ್ ಪ್ರತಿಗಳಲ್ಲೂ ಇಲ್ಲ. 5ನೇ ಶತಮಾನದ ಬೇಜೇ ಅನ್ನೋ ಪ್ರತಿಯಲ್ಲಿದೆ. ಕೆಲವು ಪ್ರತಿಗಳಲ್ಲಿ ಯೊವಾನ್ನನ ಕೊನೆಗೆ ಹೋಗಿ ಕೂತಿದೆ, ಇನ್ನು ಕೆಲವರು ಲೂಕನ ಮನೆಗೇ ಕರ್ಕೊಂಡು ಹೋಗಿ 21ನೇ ಅಧ್ಯಾಯದ ಕೊನೇಲಿ ಕೂರಿಸಿದಾರೆ. ಅಂದ್ರೆ ಕಥೆ ಎಲ್ರಿಗೂ ಗೊತ್ತು, ಎಲ್ಲಿಡ್ಬೇಕು ಅಂತ ಗೊತ್ತಿಲ್ಲ. ಬಾಯಿಂದ ಬಾಯಿಗೆ ಬಂದ ಹಳೇ ನೆನಪು ಅಂತ ಬಹಳ ವಿದ್ವಾಂಸರು ಹೇಳ್ತಾರೆ, ಯೊವಾನ್ನ ಬರೆದದ್ದಲ್ಲ ಅಂತ ಹೇಳುವವರೇ ಯೇಸುಸ್ವಾಮಿಯ ಬದುಕಿನಲ್ಲಿ ಇಂಥದ್ದು ನಡೆದಿರಬಹುದು ಅಂತಾನೂ ಹೇಳ್ತಾರೆ. ಸಂತ ಅಗಸ್ಟೀನ್ ಅಂತೂ ಉಲ್ಟಾ ಅನುಮಾನ ಪಟ್ಟ: ಹೆಂಡತಿಯರಿಗೆ ಸದರ ಸಿಕ್ಕಿಬಿಡುತ್ತೆ ಅಂತ ಹೆದರಿದ ಗಂಡಸರೇ ಇದನ್ನ ಕಿತ್ತುಹಾಕಿರ್ಬೇಕು ಅಂದ. ಪ್ರತಿಗಳ ಲೆಕ್ಕ ಅಗಸ್ಟೀನ್ ಕಡೆ ಇಲ್ಲ, ಆದ್ರೆ ಗಂಡಸರ ಬಗ್ಗೆ ಅವನು ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಇಷ್ಟು ವಿಷ್ಯ ಗೊತ್ತಿದ್ದೂ ಮುದ್ರಿಸುವವರು ಟಿಪ್ಪಣಿ ಹಾಕಿ ಕಥೆ ಉಳಿಸ್ಕೊಂಡಿದಾರೆ, ಕಿತ್ತುಹಾಕೋ ಧೈರ್ಯ ಹೆಚ್ಚಿನವರಿಗೆ ಬಂದಿಲ್ಲ. ನೀವೂ ಇಟ್ಕೊಳ್ಳಿ.

ಪ್ರಶ್ನೆ: ನಿಮ್ಮಂಥವರೇ ವಿಶ್ವಾಸಿಗಳ ಮನಸ್ಸು ಕೆಡಿಸೋದು. ದೇವರ ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ. ತ್ರಿಯೇಕ ದೇವರಿಗೆ ಸಾಕ್ಷಿ ಬೇಕಾದ್ರೆ 1 ಯೋಹಾನ 5:7 ಓದಿ: ಪರಲೋಕದಲ್ಲಿ ಸಾಕ್ಷಿ ಕೊಡುವವರು ಮೂವರು, ತಂದೆ, ವಾಕ್ಯ, ಪವಿತ್ರಾತ್ಮ. – ಹಾಸನದ ಒಬ್ಬ ಸಭಾಪಾಲಕರು

ಉತ್ತರ: ಅಯ್ಯನವರೇ, ಬೈದದ್ದಕ್ಕೆ ಬೇಜಾರಿಲ್ಲ, ಆರು ಪುಟ ಕೈಯಲ್ಲಿ ಬರೆದು ಅಂಚೆಗೆ ಹಾಕಿದೀರಲ್ಲ, ಈ ಕಾಲದಲ್ಲಿ ಅದು ಗೌರವಾನೇ. ಆದ್ರೆ ಸಾವಿರ ವಚನ ಬಿಟ್ಟು ಅದೇ ವಚನ ಆರಿಸ್ಕೊಂಡ್ರಲ್ಲ! ಎರಾಸ್ಮಸ್ ಅನ್ನೋ ಡಚ್ ವಿದ್ವಾಂಸ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆ ಮುದ್ರಿಸಿದಾಗ ಆ ಸಾಲು ಹಾಕಲಿಲ್ಲ, ಅವನು ನೋಡಿದ ಯಾವ ಗ್ರೀಕ್ ಪ್ರತಿಯಲ್ಲೂ ಇರಲಿಲ್ಲ, ಲ್ಯಾಟಿನ್‌ನಲ್ಲಿ ಮಾತ್ರ ಇತ್ತು. ಜನ ಗಲಾಟೆ ಎಬ್ಬಿಸಿದ್ರು. ಆಮೇಲೆ ಆ ಸಾಲು ಇರೋ ಒಂದು ಗ್ರೀಕ್ ಪ್ರತಿ ಪ್ರತ್ಯಕ್ಷ ಆಯ್ತು, ಅದೇ ಕಾಲದಲ್ಲಿ ಬರೆದದ್ದು, 1522ರ ಮೂರನೇ ಮುದ್ರಣದಲ್ಲಿ ಎರಾಸ್ಮಸ್ ಸೇರಿಸಿಬಿಟ್ಟ. ಒಂದು ಪ್ರತಿ ತೋರಿಸಿದ್ರೂ ಸೇರಿಸ್ತೀನಿ ಅಂತ ಅವನು ಮಾತು ಕೊಟ್ಟಿದ್ದ ಅಂತ ಒಂದು ಕಥೆ ಓಡಾಡುತ್ತೆ, ಆ ಕಥೆಗೂ ಸಾಕ್ಷಿ ಇಲ್ಲ ಅಂತ ಆಮೇಲಿನವರು ಹುಡುಕಿ ತೋರಿಸಿದಾರೆ, ನಮ್ಮ ಕಡೆಯವರೂ ಪ್ರಕ್ಷಿಪ್ತ ಮಾಡ್ತೀವಿ ನೋಡಿ. ಹಾಗೇ ಅದು 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲಿಗೂ ಬಂತು. ಇವತ್ತು ಗ್ರೀಕ್ ಮೂಲ ಸಂಪಾದಿಸೋರು, ಕ್ಯಾಥೊಲಿಕ್ ಆಗ್ಲಿ ಪ್ರೊಟೆಸ್ಟೆಂಟ್ ಆಗ್ಲಿ, ಅದನ್ನ ಮೂಲ ಅಂತ ಒಪ್ಪಲ್ಲ. ಮುಂದಿನ ಭಾನುವಾರಕ್ಕೆ ವಚನ ಬೇಕಾದ್ರೆ ಮತ್ತಾಯ 28:19 ತಗೊಳ್ಳಿ, ತಂದೆ, ಮಗ, ಪವಿತ್ರಾತ್ಮ ಮೂವರೂ ಅಲ್ಲಿದಾರೆ, ಮತ್ತಾಯನ ಆ ಭಾಗ ಉಳಿದಿರೋ ಗ್ರೀಕ್ ಪ್ರತಿಗಳಲ್ಲೆಲ್ಲ ಅದು ಇದೆ.