ಸಂಪಾದಕರ ಉತ್ತರ: ಸೌದೆಗೆ ಟಿಪ್ಪರ್ ಟ್ರೇಲರ್ ಬೇಕೇ?

ಓದುಗರ ಪತ್ರ: ವರ್ಷಕ್ಕೆ ಸುಮಾರು 12 ಘನ ಮೀಟರ್ ಸೌದೆ ಸುಡುತ್ತೇವೆ. ಮರ ಕಡಿಯುವ ಜಾಗ ಮನೆಯಿಂದ 6 ಕಿಲೋಮೀಟರ್. ಅಲ್ಲೇ ಕಡಿದು ಸೀಳಿ, ಹಸಿ ಇರುವಾಗಲೇ ಮನೆಗೆ ತರುತ್ತೇವೆ. ಈಗಿರುವ ಸಾದಾ ಟ್ರೇಲರ್‌ನಲ್ಲಿ ಒಂದು ಸಲಕ್ಕೆ 3 ಘನ ಮೀಟರ್ ಹಿಡಿಸುತ್ತದೆ. ನನಗೆ 56 ವರ್ಷ, ಸೊಂಟ ಮೊದಲಿನಂತಿಲ್ಲ. ಬಟನ್ ಒತ್ತಿದರೆ ಎದ್ದು ಸುರಿಯುವ ಟಿಪ್ಪರ್ ಟ್ರೇಲರ್ ತಗೊಳ್ಳೋಣ ಅಂತ ಮಗ ಹೇಳುತ್ತಾನೆ, ಬೇಡ ಅಂತ ಹೆಂಡತಿ. ನೀವೇನು ಹೇಳುತ್ತೀರಿ? ಇನ್ನೊಂದು ಸಣ್ಣ ಸಂಶಯ: ಸೌದೆ ಒಟ್ಟುವಾಗ ತೊಗಟೆ ಮೇಲಿರಬೇಕೋ, ಕೆಳಗಿರಬೇಕೋ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಖುಷಿ ಯಾಕೆಂದರೆ ನೀವು ಲೆಕ್ಕ ಕೊಟ್ಟು ಕೇಳಿದ್ದೀರಿ. ಎಷ್ಟು ಸೌದೆ, ಎಷ್ಟು ದೂರ, ಎಷ್ಟು ವಯಸ್ಸು, ಎಲ್ಲ ಇದೆ. ನಮಗೆ ಬರುವ ಹೆಚ್ಚಿನ ಪತ್ರಗಳಲ್ಲಿ "ಯಾವುದು ತಗೊಳ್ಳಲಿ ಹೇಳಿ" ಅಂತ ಒಂದೇ ಸಾಲು ಇರುತ್ತದೆ. ಸಿಟ್ಟು ಯಾಕೆಂದರೆ, ಇಷ್ಟೆಲ್ಲ ಲೆಕ್ಕ ಹಾಕಿದ ನೀವು ಮುಖ್ಯವಾದ ಒಂದನ್ನು ಬಿಟ್ಟಿದ್ದೀರಿ. ಒಂದು ತುಂಡು ಸೌದೆ ಮರದಿಂದ ಒಲೆಗೆ ಹೋಗುವಷ್ಟರಲ್ಲಿ ನಿಮ್ಮ ಕೈಗೆ ಎಷ್ಟು ಸಲ ಬರುತ್ತದೆ? ಪ್ರತಿ ಸಲ ಯಾವ ಎತ್ತರದಿಂದ ಯಾವ ಎತ್ತರಕ್ಕೆ ಹೋಗುತ್ತದೆ? ಸೊಂಟಕ್ಕೆ ಬೇಕಾದದ್ದು ಈ ಲೆಕ್ಕ.

ಮೊದಲು ಮಗನ ಪರವಾಗಿ ಎರಡು ಮಾತು, ಇಲ್ಲದಿದ್ದರೆ ಅವನಿಗೆ ಬೇಜಾರಾದೀತು. ಸೌದೆ ಮಾರುವವರಿಗೆ ಟಿಪ್ಪರ್ ಟ್ರೇಲರ್ ಬೇಕೇ ಬೇಕು. ಒಂದು ಮನೆಯ ಮುಂದೆ ಸುರಿದು ಮುಂದಿನ ಮನೆಗೆ ಓಡಬೇಕು, ಒಟ್ಟುವ ಕೆಲಸ ಅವರದಲ್ಲ. ಜಲ್ಲಿ, ಮಣ್ಣು, ಗೊಬ್ಬರ ಹೊಡೆಯುವವರಿಗೂ ಬೇಕು. ಅದನ್ನೆಲ್ಲ ಸಲಿಕೆಯಲ್ಲಿ ಇಳಿಸುವವನ ಕಷ್ಟ ನನಗೆ ಗೊತ್ತು. ಸೀಳದ ದೊಡ್ಡ ಕೊರಡುಗಳನ್ನು ಮನೆಗೆ ತಂದು ಸೀಳುವವರಿಗೂ ಅಷ್ಟಿಷ್ಟು ಉಪಯೋಗ ಇದೆ, ಆದರೆ ಒಂದು ಹಲಗೆ ಇಳಿಜಾರಾಗಿ ಇಟ್ಟರೆ ಕೊರಡು ತಾನೇ ಉರುಳಿಕೊಂಡು ಬರುತ್ತದೆ. ಆಯಿತಲ್ಲ, ಮಗನ ಕಡೆಯ ವಾದ ಮುಗಿಯಿತು.

ಈಗ ನಿಮ್ಮ ಅಂಗಳಕ್ಕೆ ಬರೋಣ. ಟ್ರೇಲರ್ ಬಂತು, ಬಟನ್ ಒತ್ತಿದಿರಿ, ಒಂದೆರಡು ನಿಮಿಷದಲ್ಲಿ ಸೌದೆಯೆಲ್ಲ ನೆಲದ ಮೇಲೆ ರಾಶಿ ಬಿತ್ತು. ನೋಡಲು ಚೆಂದ. ಆಮೇಲೆ? ಆ ರಾಶಿಯನ್ನು ಒಟ್ಟುವವರು ಯಾರು? ನೀವೇ. ಈಗ ಪ್ರತಿ ತುಂಡನ್ನೂ ನೆಲದಿಂದ ಬಗ್ಗಿ ಎತ್ತಬೇಕು. ಸಾದಾ ಟ್ರೇಲರ್ ಆಗಿದ್ದರೆ ಅದನ್ನು ಒಟ್ಟಿನ ಪಕ್ಕಕ್ಕೇ ತಂದು ನಿಲ್ಲಿಸಿ, ಸೊಂಟದ ಎತ್ತರದಲ್ಲಿರುವ ತುಂಡನ್ನು ತೆಗೆದು ನೇರ ಒಟ್ಟಿಗೆ ಇಡುತ್ತೀರಿ. ಎರಡರಲ್ಲೂ ಕೈಗೆ ಬರುವುದು ಒಂದೇ ಸಲ. ಟಿಪ್ಪರ್ ನಿಮಗೆ ಒಂದು ಎತ್ತುವಿಕೆಯನ್ನೂ ಉಳಿಸಲಿಲ್ಲ, ಸುಮ್ನೆ ಸೌದೆಯನ್ನು ನೆಲಕ್ಕೆ ಇಳಿಸಿ ಮತ್ತೆ ಎತ್ತಿಸಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯಿತು ಅಲ್ವಾ?

ಬಗ್ಗುವುದು ಅಂದರೆ ಏನು ಅಂತ ಒಂದು ಸಲ ಯೋಚಿಸಿ. ಮನುಷ್ಯನ ತಲೆ, ಮುಂಡ, ತೋಳು ಸೇರಿದರೆ ಮೈತೂಕದ ಮೂರರಲ್ಲಿ ಎರಡು ಪಾಲು. 70 ಕಿಲೋ ಇರುವವರು ಬಗ್ಗಿ ಎದ್ದರೆ 3 ಕಿಲೋ ಸೌದೆಯ ಜೊತೆ 45 ಕಿಲೋಗೂ ಜಾಸ್ತಿ ತಮ್ಮದೇ ಮೈಯನ್ನು ಎತ್ತಿದ ಹಾಗೆ. ನಾನೊಮ್ಮೆ ಹಟಕ್ಕೆ ಬಿದ್ದು ಎಣಿಸಿದ್ದೆ. 3 ಘನ ಮೀಟರ್ ಒಟ್ಟಿನಲ್ಲಿ ಆರುನೂರರ ಆಸುಪಾಸು ತುಂಡು ಇದ್ದವು. ಆರುನೂರು ಸಲ ಬಗ್ಗುವುದೋ, ಆರುನೂರು ಸಲ ನಿಂತಲ್ಲೇ ತಿರುಗುವುದೋ, ನಿಮ್ಮ ಸೊಂಟವನ್ನೇ ಕೇಳಿ ನೋಡಿ. ನಿಮ್ಮ ಮನೆಯವರು ಬೇಡ ಅಂದದ್ದು ದುಡ್ಡಿನ ಕಾರಣಕ್ಕೆ ಅಂತ ನೀವು ತಿಳಿದಂತಿದೆ, ಅವರು ರಾಶಿಯನ್ನು ಕಣ್ಣಮುಂದೆ ತಂದುಕೊಂಡೇ ಹೇಳಿರಬೇಕು ಅಂತ ನನ್ನ ಅನುಮಾನ.

ಇನ್ನೊಂದು ವಿಷಯ, ಇದು ನನಗೆ ತಡವಾಗಿ ಹೊಳೆದದ್ದು. ಇಳಿಸುವಾಗ ಭೂಮಿಯೇ ನಮ್ಮ ಕಡೆ ಇರುತ್ತದೆ. ಕಷ್ಟ ಇರುವುದು ಹೇರುವುದರಲ್ಲಿ. ಟಿಪ್ಪರ್ ಟ್ರೇಲರ್ ಹೇರುವಾಗ ಏನೂ ಸಹಾಯ ಮಾಡುವುದಿಲ್ಲ, ಬದಲಿಗೆ ಅಡ್ಡಿ ಮಾಡುತ್ತದೆ. ತಳದ ಕೆಳಗೆ ಎಣ್ಣೆಯ ಒತ್ತಡದಿಂದ ಚಾಚಿಕೊಂಡು ಮೇಲೆತ್ತುವ ಸಿಲಿಂಡರ್, ಎತ್ತುವ ಚೌಕಟ್ಟು ಕೂರಬೇಕಾದ್ದರಿಂದ ಅದರ ತಳ ಸಾಮಾನ್ಯವಾಗಿ ಸಾದಾ ಟ್ರೇಲರ್‌ಗಿಂತ ಎತ್ತರ. ಅದರ ಮೇಲೆ ಗಟ್ಟಿ ಪಕ್ಕದ ಗೋಡೆ ಬೇರೆ. ಪ್ರತಿ ತುಂಡನ್ನೂ ಎದೆಯ ಮಟ್ಟ ದಾಟಿಸಿ ಎಸೆಯಬೇಕು. ಅಂದರೆ ಸುಲಭದ ಕೆಲಸಕ್ಕೆ ಯಂತ್ರ ಬಂತು, ಕಷ್ಟದ ಕೆಲಸ ಇನ್ನೂ ಕಷ್ಟವಾಯಿತು.

ನಾನು ಯಂತ್ರದ ವಿರೋಧಿ ಅಂದುಕೊಳ್ಳಬೇಡಿ. ಹೀಗೆ ದ್ರವದ ಒತ್ತಡದಿಂದ ಭಾರ ಎತ್ತುವ ಹೈಡ್ರಾಲಿಕ್ ಅಂದರೆ ನನಗೆ ಈಗಲೂ ಮಗುವಿನ ಬೆರಗು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ ಅಂತ 17ನೇ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಕಂಡುಕೊಂಡ. ಅದನ್ನೇ ಹಿಡಿದು 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ತೆಗೆದುಕೊಂಡ. ಒಳಗೆ 10 ಸೆಂಟಿಮೀಟರ್ ಅಗಲ ಇರುವ ಒಂದು ಸಿಲಿಂಡರ್‌ಗೆ 150 ಬಾರ್ ಒತ್ತಡದ ಎಣ್ಣೆ ಬಿಟ್ಟರೆ ಸುಮಾರು 12 ಟನ್ ಬಲ ಸಿಗುತ್ತದೆ. 2 ಟನ್ ಸೌದೆಗೆ ಅಷ್ಟು ಬಲ ಯಾಕೆ ಬೇಕು ಅಂತ ಕೇಳಬಹುದು. ಶುರುವಿನಲ್ಲಿ ಸಿಲಿಂಡರ್ ಹೆಚ್ಚುಕಡಿಮೆ ಮಲಗಿಕೊಂಡೇ ಇರುತ್ತದೆ, ಅದರ ಬಲದಲ್ಲಿ ಮೇಲಕ್ಕೆ ಎತ್ತುವ ಪಾಲು ತೀರಾ ಕಡಿಮೆ. ಮೊದಲ ಗೇಣು ಏಳುವಾಗಲೇ ಮೋಟರ್ ನರಳುವುದು ಅದಕ್ಕೆ. ಆಮೇಲೆ ಸಲೀಸು.

ಈ ಬೆರಗಿನಿಂದಲೇ ನಾನೂ ಒಂದು ಟಿಪ್ಪರ್ ಟ್ರೇಲರ್ ಕೊಂಡಿದ್ದೆ. ಹೌದು, ಇಲ್ಲಿಯವರೆಗೆ ಹೇಳಿರಲಿಲ್ಲ. ಕಾರಿನಿಂದ ಬರುವ ವೈರಿನಲ್ಲೇ ಎಣ್ಣೆಯ ಪಂಪು ಓಡಿಸುವ ಬ್ಯಾಟರಿ ಚಾರ್ಜ್ ಆಗುತ್ತದೆ ಅಂತ ಮಾರಿದವರು ಹೇಳಿದ್ದರು. ಆಗುತ್ತದೆ, ಇಡೀ ದಿನ ಓಡಿಸಿದರೆ. ಪಂಪು ಒಂದು ಸಲ ಎತ್ತುವಾಗ 150 ಆಂಪಿಯರ್‌ಗೂ ಜಾಸ್ತಿ ಕುಡಿಯಬಲ್ಲದು, ಆ ಸಣ್ಣ ವೈರು ಹತ್ತು ನಿಮಿಷದ ದಾರಿಯಲ್ಲಿ ಅದನ್ನು ತುಂಬಿಕೊಡುವುದು ಸಾಧ್ಯವಿಲ್ಲ. ಒಂದು ಸಂಜೆ, ಮಳೆ ಹನಿಯುತ್ತಿತ್ತು, ಅಂದಿನ ಮೂರನೇ ಲೋಡು. ಬಟನ್ ಒತ್ತಿದೆ. ಟಕ್ ಅಂತು. ಮತ್ತೆ ಒತ್ತಿದೆ, ಟಕ್. ಅಷ್ಟೇ. ಹಿಂದಿನ ಬಾಗಿಲು ತೆಗೆದರೆ ಸೌದೆ ಒಂದಕ್ಕೊಂದು ಸಿಕ್ಕಿಕೊಂಡು ಗೋಡೆಯ ಹಾಗೆ ನಿಂತಿದೆ. ಪಕ್ಕದ ಗೋಡೆ ಹತ್ತಿ ಒಳಗಿಳಿದು, ಕಾಲಿಡಲೂ ಜಾಗವಿಲ್ಲದೆ, ಒಂದೊಂದನ್ನೇ ಎತ್ತಿ ಹೊರಗೆ ಹಾಕಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಮರುದಿನ ಅದೇ ರಾಶಿಯನ್ನು ಬಗ್ಗಿ ಬಗ್ಗಿ ಒಟ್ಟಿದೆ. ಅವತ್ತು ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಯಿತು, ನಿಷ್ಪಕ್ಷಪಾತ ಅಂತ ನಾನೇನೂ ಹೇಳಿಕೊಳ್ಳುವುದಿಲ್ಲ.

ಅಪಾಯದ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಮಗ ಕೊನೆಗೆ ಕೊಂಡೇ ಕೊಳ್ಳುತ್ತಾನೆ ಅಂತ ಒಳಗೊಳಗೇ ಅನಿಸುತ್ತಿದೆ. ಎತ್ತಿದ ತೊಟ್ಟಿಯ ಕೆಳಗೆ, ಗಟ್ಟಿ ಆಧಾರ ಕೊಡದೆ, ತಲೆ ಹಾಕಬಾರದು. ಎಣ್ಣೆಯ ಪೈಪು ಒಡೆದರೆ ಅದು ಹೇಳಿ ಕೇಳಿ ಇಳಿಯುವುದಿಲ್ಲ. ನೆಲ ಒಂದು ಪಕ್ಕಕ್ಕೆ ಇಳಿಜಾರಾಗಿದ್ದರೆ ಎತ್ತಲೇಬಾರದು. ಸೌದೆ ಸಿಕ್ಕಿಕೊಂಡು ಮೇಲೆಯೇ ಉಳಿಯುತ್ತದೆ, ಭಾರವೆಲ್ಲ ಎತ್ತರಕ್ಕೆ ಹೋಗಿ ಇಡೀ ಟ್ರೇಲರ್ ಮಗುಚುತ್ತದೆ. ತಲೆಯ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ತೊಟ್ಟಿ ಎತ್ತಿಕೊಂಡೇ ರಸ್ತೆಗೆ ಹೊರಡಬೇಡಿ.

ಇನ್ನು ತೂಕ. ಟ್ರೇಲರ್ ಮೇಲೆ ಬರೆದ ಒಟ್ಟು ತೂಕ ಅಂದರೆ ಅಷ್ಟು ಸೌದೆ ಹೇರಬಹುದು ಅಂತ ಅಲ್ಲ. ಅದರಲ್ಲಿ ಖಾಲಿ ಟ್ರೇಲರ್‌ನ ತೂಕ ಕಳೆಯಬೇಕು. ಸಿಲಿಂಡರ್, ಪಂಪು, ಬ್ಯಾಟರಿ, ದಪ್ಪ ತಳ ಎಲ್ಲ ಸೇರಿ ಟಿಪ್ಪರ್‌ನ ಖಾಲಿ ತೂಕ ನೂರಾರು ಕಿಲೋ ಜಾಸ್ತಿ. ಅಷ್ಟು ಸೌದೆ ಪ್ರತಿ ಲೋಡಿಗೂ ಕಡಿಮೆಯಾಯಿತು. ಎಳೆಯುವ ಗಾಡಿಗೆ ಆ ಶಕ್ತಿ ಇದೆಯಾ ಅನ್ನುವುದು ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ, ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದನ್ನು.

ತೂಕದ ಮಾತು ಬಂದದ್ದರಿಂದ ನನಗೆ ನಿಜವಾಗಿ ಹೇಳಬೇಕಾದದ್ದು ನೆನಪಾಯಿತು. ನೀವು ಹಸಿ ಸೌದೆ ತರುತ್ತಿದ್ದೀರಿ. ಯಾಕೆ ಸ್ವಾಮಿ? ಆಗತಾನೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಸಾವಿರ ಕಿಲೋ ಹಸಿ ಸೌದೆಯಲ್ಲಿ 500 ಕಿಲೋ ನೀರು ಅಂತಿಟ್ಟುಕೊಳ್ಳಿ. ಸುಡಲು ಯೋಗ್ಯ ಆಗುವುದು ನೀರಿನ ಪಾಲು ನೂರಕ್ಕೆ 20ಕ್ಕೆ ಇಳಿದಾಗ. ಆಗ ಅದೇ ಸೌದೆ ತೂಗುವುದು 625 ಕಿಲೋ. ಅಂದರೆ ಪ್ರತಿ ಸಾವಿರ ಕಿಲೋಗೆ 375 ಲೀಟರ್ ನೀರನ್ನು ನೀವು ಎತ್ತಿ, ಹೇರಿ, 6 ಕಿಲೋಮೀಟರ್ ಎಳೆದು, ಇಳಿಸಿ, ಒಟ್ಟಿ, ಮನೆಯ ಗೋಡೆ ಪಕ್ಕದಲ್ಲಿ ಗಾಳಿಗೆ ಬಿಡುತ್ತಿದ್ದೀರಿ. ಆ ನೀರನ್ನು ಕಡಿದ ಜಾಗದಲ್ಲೇ ಬಿಟ್ಟು ಬನ್ನಿ. ಹೇಗೂ ಅಲ್ಲೇ ಸೀಳುತ್ತೀರಿ, ನೆಲದಿಂದ ಒಂದು ಗೇಣು ಮೇಲೆ ಎರಡು ಉದ್ದ ಕೋಲಿನ ಮೇಲೆ ಒಟ್ಟಿ, ಮೇಲ್ಭಾಗ ಮಾತ್ರ ಮುಚ್ಚಿ. ತೆಳ್ಳಗೆ ಸೀಳಿದ ಮೆತ್ತನೆಯ ಮರ ಒಂದು ಬೇಸಿಗೆ ಕಳೆದರೆ ಸಾಕಾಗಬಹುದು, ಗಟ್ಟಿ ಮರಕ್ಕೆ ಒಂದು ವರ್ಷ, ಎರಡು ವರ್ಷ ಬೇಕು. ಅಲ್ಲಿ ಒಟ್ಟುವ ಕೆಲಸ ಒಂದು ಹೆಚ್ಚಾಗುತ್ತದೆ, ಒಪ್ಪುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಮೇಲೆ ಹೇರುವ ತುಂಡು 3 ಕಿಲೋ ಬದಲು 2 ಕಿಲೋಗೂ ಸ್ವಲ್ಪ ಕಡಿಮೆ ಇರುತ್ತದೆ, ಒಟ್ಟಿನಿಂದಲೇ ತೆಗೆಯುವುದರಿಂದ ಹೆಚ್ಚಿನವಕ್ಕೆ ಬಗ್ಗುವುದೂ ಬೇಡ. ಸೊಂಟಕ್ಕೆ ಯಾವ ಸಿಲಿಂಡರೂ ಇಷ್ಟು ಸಹಾಯ ಮಾಡಲಾರದು.

ಈ ಮಾತು ಯಾರಿಗೂ ರುಚಿಸುವುದಿಲ್ಲ, ನನಗೆ ಗೊತ್ತು. ಕಾಯಿರಿ ಅನ್ನುವ ಸಲಹೆಗೆ ಬೆಲೆ ಇಲ್ಲ, ಕೊಳ್ಳಿರಿ ಅಂದರೆ ಇದೆ. ಎಷ್ಟೋ ವರ್ಷಗಳಿಂದ ಈ ಪುಟ ಬರೆಯುತ್ತಿದ್ದೇನೆ. ಮೊದಮೊದಲು "ಇದನ್ನು ಹೇಗೆ ಮಾಡುವುದು" ಅಂತ ಪತ್ರ ಬರುತ್ತಿದ್ದವು. ಕೊಡಲಿಗೆ ಕಾವು ಹಾಕುವುದು ಹೇಗೆ, ಗಂಟುಮರ ಸೀಳುವುದು ಹೇಗೆ. ಈಗ ಬರುವುದೆಲ್ಲ "ಏನು ಕೊಳ್ಳುವುದು". ಕೆಲಸ ಕಷ್ಟವಾದ ಕೂಡಲೇ ಕೆಲಸದ ಕ್ರಮ ಬದಲಿಸೋಣ ಅಂತ ಯಾರಿಗೂ ಹೊಳೆಯುವುದಿಲ್ಲ, ಅಂಗಡಿಯೇ ಕಣ್ಣಿಗೆ ಬರುತ್ತದೆ. ಹಾಗೆ ಬಂದ ಯಂತ್ರಗಳು ವರ್ಷಕ್ಕೆ ನಾಲ್ಕು ದಿನ ಓಡಿ, ಉಳಿದ ದಿನ ಅಂಗಳದಲ್ಲಿ ನಿಂತು, ಟೈರು ಬಿಸಿಲಿಗೆ ಬಿರಿದು, ಬೇರಿಂಗು ತುಕ್ಕು ಹಿಡಿದು, ಬ್ಯಾಟರಿ ಸತ್ತು ಕೂರುತ್ತವೆ. ನಿಮ್ಮದೇ ಲೆಕ್ಕ ನೋಡಿ: 12 ಘನ ಮೀಟರ್, ಸಲಕ್ಕೆ 3. ವರ್ಷಕ್ಕೆ ನಾಲ್ಕು ಲೋಡು! ನಾಲ್ಕು ಸಲ ಬಟನ್ ಒತ್ತುವುದಕ್ಕೆ ಇಷ್ಟು ದೊಡ್ಡ ಖರ್ಚು.

ದೊಡ್ಡ ಟ್ರೇಲರ್ ಬಂದ ಮೇಲೆ ಇನ್ನೊಂದು ಚಾಳಿ ಶುರುವಾಗುತ್ತದೆ. ದೂರದಲ್ಲಿ ಯಾರದೋ ಮರ ಬಿದ್ದಿದೆ, ಪುಕ್ಕಟೆ ಸಿಗುತ್ತದೆ ಅಂದರೆ ನೂರಾರು ಕಿಲೋಮೀಟರ್ ಹೋಗೋಣ ಅನಿಸುತ್ತದೆ. ಸೌದೆಯ ಜೊತೆ ತೊಗಟೆಯೊಳಗಿನ ಹುಳುವೂ ಪ್ರಯಾಣ ಮಾಡುತ್ತದೆ. ಏಷ್ಯಾದಿಂದ ಬಂದ ಒಂದು ಹಸಿರು ದುಂಬಿ 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾಯಿತು. ಆಮೇಲೆ ಅದು ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿತು. ಅದು ತಾನೇ ಹಾರಿದ್ದಕ್ಕಿಂತ ಬಹು ದೂರ ಜನರ ಗಾಡಿಗಳಲ್ಲಿ, ಸೌದೆಯೊಳಗೆ ಕೂತು ಹೋಯಿತು. ನಿಮ್ಮ 6 ಕಿಲೋಮೀಟರ್ ಒಳ್ಳೆಯ ದೂರ. ಅಷ್ಟಕ್ಕೇ ಇರಲಿ.

ನನ್ನ ಟ್ರೇಲರ್ ಏನಾಯಿತು ಅಂತ ಕೇಳುತ್ತೀರೇನೋ. ಮಣ್ಣಿನ ಕೆಲಸ ಮಾಡುವ ಪರಿಚಯದವರೊಬ್ಬರಿಗೆ ಮಾರಿದೆ. ಅವರ ಹತ್ತಿರ ಅದು ದಿನಾ ಓಡುತ್ತದೆ, ಬ್ಯಾಟರಿ ಯಾವಾಗಲೂ ತುಂಬಿರುತ್ತದೆ, ಗ್ರೀಸು ಹಾಕಿರುತ್ತಾರೆ. ವರ್ಷಕ್ಕೊಮ್ಮೆ ಜಲ್ಲಿ ತರಲಿಕ್ಕೆ ಅವರಿಂದಲೇ ಕೇಳಿ ತರುತ್ತೇನೆ. ಬದಲಿಗೆ ಅವರಿಗೆ ಎರಡು ದಿನ ನನ್ನ ಮರ ಕೊಯ್ಯುವ ಗರಗಸ. ನಿಮ್ಮ ಸುತ್ತಮುತ್ತಲೂ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕೇಳಲು ನಾಚಿಕೆ ಆಗುತ್ತದೆ ಅನ್ನಬೇಡಿ. ಬಾಡಿಗೆಗೆ ಸಿಗುವ ಕಡೆ ಒಂದು ದಿನಕ್ಕೆ ತಂದು, ಮಗನ ಕೈಗೇ ಬಟನ್ ಕೊಟ್ಟು, ರಾಶಿಯನ್ನೂ ಅವನಿಂದಲೇ ಒಟ್ಟಿಸಿ. ಸಂಜೆ ಅವನ ಅಭಿಪ್ರಾಯ ಕೇಳಿ ನನಗೆ ಬರೆಯಿರಿ, ಅಚ್ಚು ಹಾಕುತ್ತೇನೆ.

ತೊಗಟೆಯ ಪ್ರಶ್ನೆ. ಮಾಡಿನ ಕೆಳಗಾದರೆ ಹೇಗಿದ್ದರೂ ನಡೆಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಬಯಲಲ್ಲಿ ಮಳೆಗೆ ಸಿಗುವ ಒಟ್ಟಾದರೆ ಮೇಲಿನ ಒಂದೆರಡು ಸಾಲಿಗೆ ಮಾತ್ರ ತೊಗಟೆ ಮೇಲೆ ಮಾಡಿ ಇಡಿ, ನೀರು ಜಾರಿಹೋಗುತ್ತದೆ. ತೀರಾ ಕೆಳಗಿನ ಸಾಲನ್ನು ತೊಗಟೆ ನೆಲದ ಕಡೆ ಮಾಡಿ ಇಡುವವರೂ ಇದ್ದಾರೆ, ನೆಲದ ತೇವ ಏರದಿರಲಿ ಅಂತ. ನೀವು ಕೋಲು ಹಾಕಿ ಎತ್ತರಿಸಿ ಒಟ್ಟಿದರೆ ಅದೂ ಬೇಕಾಗುವುದಿಲ್ಲ.